ಒಂದೇ ಚಿತ್ರದ ಮುಂದೆ ಅರ್ಧ ತಾಸು

ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಚಿತ್ರ ಬರೆಯಲು ಶುರು ಮಾಡಿದ್ದು 38ನೇ ವಯಸ್ಸಿನಲ್ಲಿ. ನನ್ನ ಮೊದಲ ಚಿತ್ರಗಳೆಲ್ಲ ಹಳೆಯ ಲೆಜರ್ ಪುಸ್ತಕದ ಹಿಂದಿನ ಖಾಲಿ ಹಾಳೆಗಳಲ್ಲಿವೆ. ಈಗ ಆರು ವರ್ಷ ಆಯಿತು. "ಚಿತ್ರಕಲೆ ಅಂದ್ರೆ ನಮಗೇನೂ ತಿಳಿಯಲ್ಲ, ಎಲ್ಲಿಂದ ಶುರು ಮಾಡೋದು?" ಅಂತ ಗೆಳತಿಯರು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಚಿತ್ರ ನೋಡಿ ಸವಿಯುವುದು ಬೇರೆ, ಬರೆಯುವುದು ಬೇರೆ ಅಂತ ನಾನೂ ಅಂದುಕೊಂಡಿದ್ದೆ. ರಾಯಚೂರು ಕೋಟೆಯಲ್ಲಿ ಆ ಲೆಕ್ಕ ತಪ್ಪಾಯಿತು.

ರಾಯಚೂರಿನಲ್ಲಿ ನನ್ನ ಅಕ್ಕನ ಮನೆ ಇದೆ. ಅಲ್ಲಿಯ ಕೋಟೆ ಗೋಡೆಯಲ್ಲಿ ಒಂದು ಭಾರಿ ಕಲ್ಲು ಕೂತಿದೆ. ಉದ್ದ 41 ಅಡಿಗೂ ಜಾಸ್ತಿ. ಅದರ ಮೇಲೆ ಕಾಕತೀಯರ ಕಾಲದ, 1294ರ ಶಾಸನ ಇದೆ. ಪಕ್ಕದಲ್ಲೇ ಗೋಡೆಯ ಮೇಲೆ ಗೀರಿದ ಚಿತ್ರವೂ ಇದೆ. ಅಂಥ ಕಲ್ಲನ್ನು ಬಂಡಿ ಮೇಲೆ ಹೇರಿ, ಮುಂದೆ ಕೋಣಗಳ ಸಾಲು ಹೂಡಿ ಎಳೆದು ತರುವ ಚಿತ್ರ. ಚಿಕ್ಕಂದಿನಿಂದ ಎಷ್ಟು ಸಲ ಅದರ ಮುಂದೆ ಹಾದು ಹೋಗಿದ್ದೇನೋ. "ಹಾಂ, ಕೋಣ" ಅಂತ ನೋಡಿ ಮುಂದೆ ನಡೆಯುತ್ತಿದ್ದೆ.

ಒಂದು ಭಾನುವಾರ ಪೆನ್ಸಿಲ್ ತೆಗೆದುಕೊಂಡು ಅದರ ಎದುರು ಕೂತೆ. ಬಂಡಿ ಬರೆದೆ, ಕಲ್ಲು ಬರೆದೆ. ಆಮೇಲೆ ಕೋಣ. ಒಂದಾದ ಮೇಲೆ ಇನ್ನೊಂದು, ಅದಾದ ಮೇಲೆ ಮತ್ತೊಂದು. ಬರೆಯುತ್ತಾ ಬರೆಯುತ್ತಾ ಕೈ ಸೋತಿತು. ಸಾಲು ಮಾತ್ರ ಮುಗಿಯಲಿಲ್ಲ. ಆಗ ಕಲ್ಲಿನ ಭಾರ ನನಗೆ ಗೊತ್ತಾಯಿತು. ಗೀರಿದವನು ಕಲ್ಲಿಗೆ ನೆರಳು ಹಾಕಿಲ್ಲ, ಭಾರ ಅಂತ ಎಲ್ಲೂ ಹೇಳಿಲ್ಲ. ಕೋಣದ ಹಿಂದೆ ಕೋಣ ಇಟ್ಟು ತೋರಿಸಿದ್ದಾನೆ. ಇದು ಕಣ್ಣಿಗೆ ಇಷ್ಟು ವರ್ಷ ಕಾಣಲಿಲ್ಲ, ಕೈಗೆ ಒಂದೇ ತಾಸಿನಲ್ಲಿ ತಿಳಿಯಿತು.

ಅದಕ್ಕೇ ನಾನು ಹೇಳುವುದು: ಚಿತ್ರವನ್ನು ಅರ್ಥ ಮಾಡಿಕೊಳ್ಳಬೇಕು ಅಂದರೆ ಅದನ್ನು ಬರೆಯಿರಿ. ಚೆನ್ನಾಗಿ ಬರಬೇಕು ಅಂತಲ್ಲ, ನೋಡುವುದಕ್ಕಾಗಿ ಬರೆಯಿರಿ.

ಹಾಗಂತ ಹೋದ ತಕ್ಷಣ ಪೆನ್ಸಿಲ್ ತೆಗೆಯಬೇಡಿ. ಒಂದೇ ಚಿತ್ರ ಆರಿಸಿಕೊಳ್ಳಿ, ಅರ್ಧ ತಾಸು ಅದಕ್ಕೇ ಕೊಡಿ. ಮೊದಲ ಹತ್ತು ನಿಮಿಷ ಬರೀ ನೋಡಿ. ನನ್ನ ಕಣ್ಣು ಮೊದಲು ಎಲ್ಲಿಗೆ ಹೋಯಿತು? ಅಲ್ಲಿಂದ ಎತ್ತ ಸರಿಯಿತು? ಯಾವುದು ದೊಡ್ಡದು, ಯಾವುದು ಚಿಕ್ಕದು? ಎಲ್ಲಿ ಖಾಲಿ ಬಿಟ್ಟಿದ್ದಾರೆ? ಇಷ್ಟನ್ನು ಕೇಳಿಕೊಳ್ಳಿ. "ಇದು ಯಾವ ದೇವರು, ಯಾವ ಕಥೆ" ಅನ್ನುವುದನ್ನು ಕೊನೆಗೆ ಇಟ್ಟುಕೊಳ್ಳಿ. ಕಥೆ ಗೊತ್ತಾದ ತಕ್ಷಣ ನಾವು ನೋಡುವುದನ್ನು ನಿಲ್ಲಿಸಿಬಿಡುತ್ತೇವೆ, ಅಲ್ವಾ?

ಹಂಪಿಯ ವಿರೂಪಾಕ್ಷ ಗುಡಿಯಲ್ಲಿ ಇದನ್ನು ಮಾಡಿ ನೋಡಿ. ನಮಗೆ ಹೊಳೆ ದಾಟಿದರೆ ಹಂಪಿ. ರಂಗಮಂಟಪದ ಸೂರಿನ ತುಂಬ ಬಣ್ಣದ ಚಿತ್ರಗಳಿವೆ. ಗಿರಿಜಾ ಕಲ್ಯಾಣ, ದಶಾವತಾರ, ವಿದ್ಯಾರಣ್ಯರ ಪಲ್ಲಕ್ಕಿ ಮೆರವಣಿಗೆ. ಜನ ಒಂದು ನಿಮಿಷ ಕತ್ತೆತ್ತಿ ನೋಡುತ್ತಾರೆ, ಕುತ್ತಿಗೆ ನೋಯುತ್ತದೆ, ಹೋಗುತ್ತಾರೆ. ನಾನು ಒಂದು ಕನ್ನಡಿ ಒಯ್ಯುತ್ತೇನೆ, ಅಂಗೈ ಅಗಲದ್ದು. ಬೆಳಿಗ್ಗೆ ಬೇಗ ಹೋಗಿ, ಯಾರಿಗೂ ಅಡ್ಡ ಆಗದ ಕಡೆ ಕೂತು, ಕನ್ನಡಿಯನ್ನು ತೊಡೆ ಮೇಲೆ ಇಟ್ಟರೆ ಸೂರು ಕೆಳಗಿಳಿದು ಬರುತ್ತದೆ. ಎಡ ಬಲ ತಿರುವುಮುರುವಾಗಿ ಕಾಣುತ್ತದೆ, ಅಷ್ಟು ನೆನಪಿರಲಿ. ಮೆರವಣಿಗೆಯ ಮುಖಗಳನ್ನು ಪಕ್ಕದಿಂದ ಕಾಣುವ ಹಾಗೆ ಬರೆದಿದ್ದಾರೆ. ಹಾಗಾಗಿ ಎಲ್ಲರೂ ಎತ್ತಲೋ ಹೊರಟಿದ್ದಾರೆ ಅನ್ನಿಸುತ್ತದೆ, ನಮ್ಮ ಕಣ್ಣೂ ಅವರ ಜೊತೆ ನಡೆಯುತ್ತದೆ. ಒಂದು ಮುಖ ಮಾತ್ರ ಬರೆದುಕೊಂಡು ಬನ್ನಿ. ಇಡೀ ಸೂರಿಗೆ ಕೈ ಹಾಕಬೇಡಿ.

ಸಾಮಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು 2ಬಿ ಪೆನ್ಸಿಲ್ (ಮಾಮೂಲಿಗಿಂತ ಮೆತ್ತಗಿನದು, ಕಪ್ಪಾಗಿ ಮೂಡುತ್ತದೆ), ಗೆರೆ ಇಲ್ಲದ ಒಂದು ನೋಟ್‌ಬುಕ್ ಸಾಕು. ಮೊದಲ ತಿಂಗಳು ರಬ್ಬರ್ ಬೇಡ. ತಪ್ಪಿದ ಗೆರೆ ಅಲ್ಲೇ ಇರಲಿ, ಪಕ್ಕದಲ್ಲಿ ಇನ್ನೊಂದು ಎಳೆಯಿರಿ. ಎಷ್ಟು ತಪ್ಪಿತ್ತು ಅಂತ ಆಗಲೇ ಕಾಣುವುದು. ಜಲವರ್ಣ ಹಚ್ಚುವಾಗ ಮಾತ್ರ ಕಾಗದದಲ್ಲಿ ಜಿಪುಣತನ ಮಾಡಬೇಡಿ. ನಾನು ಲೆಜರ್ ಹಾಳೆ ಮೇಲೇ ಹಚ್ಚಿದ್ದೆ. ಹಾಳೆ ಹಪ್ಪಳದ ಹಾಗೆ ಉಬ್ಬಿತು. ನನ್ನ ಕೈಯೇ ಸರಿಯಿಲ್ಲ ಅಂದುಕೊಂಡು ಆರು ತಿಂಗಳು ಬಣ್ಣ ಮುಟ್ಟಲಿಲ್ಲ. ತಪ್ಪು ಕಾಗದದ್ದು. 300 ಜಿಎಸ್‌ಎಂ ಕಾಗದ ಒಳ್ಳೆಯದು, 200 ಆದರೂ ನಡೆಯುತ್ತದೆ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ. ದೊಡ್ಡ ಹಾಳೆ ತಂದು ನಾಲ್ಕು ತುಂಡು ಮಾಡಿಕೊಂಡರೆ ಖರ್ಚು ಕಡಿಮೆ.

ಇನ್ನು ಅಭ್ಯಾಸ. ಮನೆಯ ಚೆಂಬನ್ನು ಎದುರಿಗೆ ಇಟ್ಟುಕೊಳ್ಳಿ. ಕಾಗದದ ಕಡೆ ನೋಡಲೇಬೇಡಿ. ಚೆಂಬಿನ ಅಂಚಿನ ಮೇಲೆ ಇರುವೆ ಹರಿದ ಹಾಗೆ ಕಣ್ಣು ನಿಧಾನ ಸರಿಯಲಿ, ಅದೇ ವೇಗದಲ್ಲಿ ಪೆನ್ಸಿಲ್ ಸರಿಯಲಿ. ಬಂದ ಚಿತ್ರ ಚೆಂಬಿನ ಹಾಗೆ ಇರುವುದಿಲ್ಲ, ಇರಬೇಕಾಗೂ ಇಲ್ಲ. ದಿನಾ ಐದು ನಿಮಿಷ, ಹದಿನೈದು ದಿನ ಮಾಡಿ. ನಮಗೆ ಗೊತ್ತಿರುವ ಚೆಂಬನ್ನು ಬಿಟ್ಟು ಎದುರಿಗಿರುವ ಚೆಂಬನ್ನು ಬರೆಯುವುದು ಇದರಿಂದಲೇ ಬರುತ್ತದೆ.

ಆಮೇಲೆ ಆನೆಗೊಂದಿ ಕಡೆ ಹೋಗಿ. ಅಲ್ಲಿಯ ಬಂಡೆಗುಡ್ಡಗಳನ್ನು ನೋಡಿದರೆ ಹೊಸಬರಿಗೆ ಭಯ ಆಗುತ್ತದೆ. ಸಾವಿರ ಕಲ್ಲು, ಯಾವುದನ್ನು ಬರೆಯುವುದು? ಕಲ್ಲನ್ನು ಬರೆಯಬೇಡಿ, ಆಕಾಶ ಬರೆಯಿರಿ. ಎರಡು ಬಂಡೆಗಳ ನಡುವೆ ಕಾಣುವ ಆಕಾಶದ ತುಂಡಿಗೆ ಒಂದು ಆಕಾರ ಇದೆ. ಅದನ್ನಷ್ಟೇ ಬರೆಯಿರಿ. ಅದು ಸರಿಯಾಗಿ ಬಂದರೆ ಬಂಡೆ ತಾನಾಗಿ ಮೂಡುತ್ತದೆ. ಬಂಡೆ ಹೇಗಿರಬೇಕು ಅಂತ ನಮ್ಮ ತಲೆಯಲ್ಲಿ ಮೊದಲೇ ಒಂದು ಆಕಾರ ಕೂತಿರುತ್ತದೆ, ಆಕಾಶದ ತುಂಡಿಗೆ ಅಂಥದ್ದು ಇಲ್ಲ. ಅದಕ್ಕೇ ಕೈ ಮೋಸ ಮಾಡುವುದಿಲ್ಲ.

ನೆರಳಿಗೆ ಕಣ್ಣು ಅರ್ಧ ಮುಚ್ಚಿ ನೋಡಿ. ಸಣ್ಣ ವಿವರಗಳೆಲ್ಲ ಅಳಿಸಿ ಬೆಳಕು, ನಡುವಿನದು, ಕತ್ತಲು ಅಂತ ಮೂರೇ ಉಳಿಯುತ್ತವೆ. ಮೂರನ್ನೇ ಬರೆಯಿರಿ. ಮಧ್ಯಾಹ್ನ ಹೋಗಬೇಡಿ, ನೆತ್ತಿ ಮೇಲಿನ ಬಿಸಿಲಿಗೆ ನೆರಳು ಸಿಗುವುದಿಲ್ಲ. ಬೆಳಿಗ್ಗೆ ಎಂಟರ ಒಳಗೆ, ಇಲ್ಲವೇ ಸಂಜೆ ಐದರ ಮೇಲೆ.

ಅಳತೆ ತಪ್ಪುತ್ತದೆ ಅನ್ನುವವರಿಗೆ ನನ್ನ ಅವ್ವನ ದಾರಿ ಹೇಳುತ್ತೇನೆ. ಅವ್ವ ಬೆಳಿಗ್ಗೆ ಅಂಗಳದಲ್ಲಿ 15 ಚುಕ್ಕಿಯಿಂದ 8 ಚುಕ್ಕಿಗೆ ಇಳಿಯುವ ರಂಗೋಲಿ ಹಾಕುತ್ತಿದ್ದಳು. ಚುಕ್ಕಿ ಇಟ್ಟ ಮೇಲೆ ಗೆರೆ ಎಲ್ಲಿ ತಿರುಗಬೇಕು ಅಂತ ಅವಳಿಗೆ ಯೋಚನೆಯೇ ಇರಲಿಲ್ಲ. ಚಿತ್ರಕ್ಕೂ ಅದನ್ನೇ ಮಾಡಿ. ನೋಡಿ ಬರೆಯುವ ಫೋಟೋ ಮೇಲೆ ಬೆರಳಗಲಕ್ಕೆ ಒಂದರಂತೆ ಚುಕ್ಕಿ ಇಡಿ, ಕಾಗದದ ಮೇಲೂ ಅಷ್ಟೇ ಚುಕ್ಕಿ ಇಡಿ. ಮೂಗು ಯಾವ ಚುಕ್ಕಿ ಪಕ್ಕ ಬಂತು, ಕಿವಿ ಎಲ್ಲಿ ನಿಂತಿತು ಅಂತ ನೋಡುತ್ತಾ ಹೋದರೆ ಅಳತೆ ಕೂಡುತ್ತದೆ. ಚಿತ್ರ ದೊಡ್ಡದು ಮಾಡಬೇಕಾದರೆ ಚುಕ್ಕಿಗಳ ನಡುವಿನ ಅಂತರ ದೊಡ್ಡದು ಮಾಡಿ. ರಂಗೋಲಿ ಹಾಕುವ ಕೈ ಚಿತ್ರ ಬರೆಯುವ ಕೈಯೇ. ನಮ್ಮ ಹೆಣ್ಣುಮಕ್ಕಳು "ನಮಗೆ ಬರಲ್ಲ" ಅಂದಾಗ ನನಗೆ ನಿಜವಾಗಿಯೂ ಸಂಕಟ ಆಗುತ್ತದೆ.

ಬಣ್ಣಕ್ಕೆ ಬರೋಣ. ಏಳನೇ ತರಗತಿಯಲ್ಲಿ ನಾನು ಎಮ್ಮೆಗೆ ನೀಲಿ ಹಚ್ಚಿದ್ದೆ. ಸಂಜೆ ಕೆರೆಯಿಂದ ಎದ್ದು ಬಂದ ಎಮ್ಮೆಯ ಮೈ ನೀಲಿಯಾಗೇ ಕಂಡಿತ್ತು. ಮೇಷ್ಟ್ರು ಅದರ ಮೇಲೆ ಕೆಂಪು ಪೆನ್ನಿನಲ್ಲಿ ಅಡ್ಡ ಗೀಟು ಹೊಡೆದರು. ಆಮೇಲೆ ನಾನು ಬಣ್ಣ ಹಿಡಿದದ್ದು ಮೂವತ್ತೆಂಟಕ್ಕೇ. ಒದ್ದೆ ಕಪ್ಪು ಮೈ ಮೇಲೆ ಆಕಾಶದ ಬಣ್ಣ ಬೀಳುತ್ತದೆ. ಅದು ನೀಲಿಯೇ. ನಿಮಗೆ ಕಂಡ ಬಣ್ಣವನ್ನು ಹಚ್ಚಿ.

ಬಣ್ಣದ ಪೆಟ್ಟಿಗೆ ಕೊಳ್ಳುವ ಮೊದಲು ಒಮ್ಮೆ ಮಣ್ಣಿನಿಂದ ಬಣ್ಣ ಮಾಡಿ. ನನಗೆ ಈ ಆಸೆ ಹುಟ್ಟಿದ್ದು ಹಿರೇಬೆಣಕಲ್‌ನಲ್ಲಿ. ಗಂಗಾವತಿ ಹತ್ತಿರದ ಆ ಗುಡ್ಡದ ಮೇಲೆ ಬೃಹತ್ ಶಿಲಾಯುಗದ ಕಲ್ಲುಮನೆಗಳಿವೆ. ನಮ್ಮ ಕಡೆಯವರು ಮೋರ್ಯರ ಗುಡ್ಡ ಅನ್ನುತ್ತಾರೆ. ಅಲ್ಲಿಯ ಬಂಡೆಗಳ ಆಸರೆಯಲ್ಲಿ ಕೆಂಪು ಬಣ್ಣದ ಚಿತ್ರಗಳಿವೆ, ಮನುಷ್ಯರು, ಪ್ರಾಣಿಗಳು. ಅವನ್ನು ಮುಟ್ಟಬೇಡಿ. ಫೋಟೋದಲ್ಲಿ ಚೆನ್ನಾಗಿ ಬರಲಿ ಅಂತ ನೀರು ಎರಚಲೇಬೇಡಿ, ಬಣ್ಣ ಹಾಳಾಗುತ್ತದೆ. ಇಷ್ಟು ಕಾಲ ಆ ಕೆಂಪು ಉಳಿದದ್ದು ಯಾಕೆ? ಅದು ಮಣ್ಣಿನೊಳಗಿನ ಕಬ್ಬಿಣದ ಕೆಂಪು. ಬಿಸಿಲಿಗೆ ಮಾಸುವುದಿಲ್ಲ. ನಾನು ಅರಿಶಿನದಿಂದ ಹಚ್ಚಿದ ಹಳದಿ ಕಿಟಕಿ ಪಕ್ಕದ ಗೋಡೆ ಮೇಲೆ ಕೆಲವೇ ವಾರದಲ್ಲಿ ಬಿಳಚಿತು. ಅದರ ಪಕ್ಕದ ಕೆಮ್ಮಣ್ಣು ಹಾಗೇ ಇದೆ.

ಮಾಡುವ ರೀತಿ ಹೀಗೆ. ಹೊಲದ ಬದುವಿನ ಒಂದು ಹಿಡಿ ಕೆಮ್ಮಣ್ಣನ್ನು ಕುಟ್ಟಿ ಒಂದು ತಂಬಿಗೆ ನೀರಿನಲ್ಲಿ ಕದಡಿ. ಮೂವತ್ತು ಎಣಿಸಿ. ಉಸುಕು ತಳಕ್ಕೆ ಇಳಿಯುತ್ತದೆ. ಮೇಲಿನ ಕೆಂಪು ನೀರನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿ, ಉಸುಕು ಚೆಲ್ಲಿ. ಹೀಗೆ ಮೂರು ಸಲ. ಕೊನೆಯ ನೀರನ್ನು ಒಂದು ರಾತ್ರಿ ಅಲುಗಾಡಿಸದೆ ಬಿಡಿ. ಬೆಳಿಗ್ಗೆ ಮೇಲಿನ ತಿಳಿ ಚೆಲ್ಲಿ, ತಳದ ಕೆನೆಯಂಥ ಮಣ್ಣನ್ನು ತಟ್ಟೆಯಲ್ಲಿ ಒಣಗಿಸಿ. ಇದು ಬಣ್ಣದ ಪುಡಿ. ಒಂದು ಚಮಚ ಜಾಲಿ ಗೋಂದನ್ನು ಎರಡು ಚಮಚ ಬಿಸಿ ನೀರಿನಲ್ಲಿ ರಾತ್ರಿ ನೆನೆಹಾಕಿ ಬಟ್ಟೆಯಲ್ಲಿ ಸೋಸಿ. ಎರಡು ಚಮಚ ಪುಡಿಗೆ ಒಂದು ಚಮಚ ಗೋಂದಿನ ನೀರು, ನಾಲ್ಕು ಹನಿ ಜೇನುತುಪ್ಪ ಹಾಕಿ ನುಣುಪಾದ ಟೈಲ್ಸ್ ಮೇಲೆ ಚಪ್ಪಟೆ ಕಲ್ಲಿನಿಂದ ಅರೆಯಿರಿ. ಕರಕರ ಸದ್ದು ನಿಲ್ಲುವ ತನಕ ಅರೆಯಿರಿ, ಇಲ್ಲಿ ಅವಸರ ಬೇಡ. ಒಣಗಿದ ಬಣ್ಣ ಬೆರಳಿಗೆ ಉದುರಿದರೆ ಗೋಂದು ಕಡಿಮೆ, ಮಿರಿಮಿರಿ ಹೊಳೆದು ಬಿರುಕು ಬಿಟ್ಟರೆ ಜಾಸ್ತಿ. ಎರಿ ಮಣ್ಣಿನಿಂದ, ಅಂದರೆ ಕಪ್ಪು ಮಣ್ಣಿನಿಂದ, ಕಂದು ಬೂದಿ ಬಣ್ಣ ಬರುತ್ತದೆ, ದೀಪದ ಮಸಿಯಿಂದ ಕಪ್ಪು. ಬಿಳಿ ಬೇಕಾದ ಕಡೆ ಕಾಗದ ಖಾಲಿ ಬಿಡಿ. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಮೊದಲನೆಯದು ಒಣಗುವ ತನಕ ಕಾಯಿರಿ.

ಬಣ್ಣ ಅರೆದ ಮೇಲೆ ಕೊಪ್ಪಳ ಹತ್ತಿರದ ಕಿನ್ನಾಳಕ್ಕೆ ಹೋಗಿ. ಅದಕ್ಕೂ ಮೊದಲು ಹೋದರೆ ಬರೀ ಗೊಂಬೆ ಕೊಂಡು ಬರುತ್ತೀರಿ. ಅಲ್ಲಿಯ ಚಿತ್ರಗಾರರು ಹಗುರ ಮರವನ್ನು ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಭಾಗಗಳನ್ನು ಕೂಡಿಸಿ, ಬಿಳಿ ಲೇಪ ಕೊಟ್ಟು ಆಮೇಲೆ ಬಣ್ಣ ಹಾಕುತ್ತಾರೆ. ಒಡವೆಗಳ ಉಬ್ಬು ಗೆರೆಗಳನ್ನು ಅಂಟಿನ ಲೇಪದಿಂದ ಎತ್ತುತ್ತಾರೆ. ಕೆಲಸ ನಡೆಯುವಾಗ ಕೇಳಿಕೊಂಡು ಒಂದು ತಾಸು ಕೂತು ನೋಡಿ. ಕುಂಚ ಎಷ್ಟು ಬಣ್ಣ ಹೀರಿದೆ, ಕೈಯ ಯಾವ ಭಾಗ ಊರಿದೆ, ಒಂದೇ ಎಳೆತಕ್ಕೆ ಗೆರೆ ಎಲ್ಲಿಯ ತನಕ ಬಂತು ಅಂತ ನೋಡಿ. ನಾನು ಅಂಗೈ ಊರದೆ ಗೆರೆ ಎಳೆಯುತ್ತಿದ್ದೆ, ನಡುಗುತ್ತಿತ್ತು. ಕಿರುಬೆರಳು ಊರುವುದನ್ನು ಅಲ್ಲಿ ನೋಡಿ ಕಲಿತೆ.

ಬರೆದ ಪ್ರತಿ ಚಿತ್ರದ ಕೆಳಗೆ ತಾರೀಕು, ಊರು ಬರೆದಿಡಿ. ಹರಿದು ಹಾಕಬೇಡಿ.

ಯಾರಿಗೆ ತೋರಿಸುವುದು ಅನ್ನುವುದೂ ಮುಖ್ಯ. "ಹೇಗಿದೆ?" ಅಂತ ಕೇಳಿದರೆ ಎಲ್ಲರೂ "ಚೆನ್ನಾಗಿದೆ" ಅನ್ನುತ್ತಾರೆ. "ಮೊದಲು ಏನು ಕಾಣಿಸ್ತು?" ಅಂತ ಕೇಳಿ. ಚಿತ್ರ ಗೊತ್ತಿರುವವರಿಗಿಂತ ಬರೆದ ವಸ್ತು ಗೊತ್ತಿರುವವರಿಗೆ ತೋರಿಸಿ. ಗಿರಣಿಯ ಗೋದಾಮಿನಲ್ಲಿ ಅಟ್ಟಿ ಒಟ್ಟಿದ ಅಕ್ಕಿ ಚೀಲಗಳನ್ನು ನಾನೊಮ್ಮೆ ಬರೆದಿದ್ದೆ. ನೆರಳು, ಹೊಲಿಗೆ ಎಲ್ಲ ಬಂದಿತ್ತು, ಖುಷಿಯೂ ಆಗಿತ್ತು. ಹಮಾಲಿ ಮಾಡುವ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಕೈ ಒರೆಸಿಕೊಂಡು ಪುಸ್ತಕ ಹಿಡಿದು, ಬಹಳ ಹೊತ್ತು ನೋಡಿದರು. "ತಂಗಿ, ಕೆಳಗಿನ ಚೀಲದ ಮ್ಯಾಲೆ ಭಾರ ಬಿದ್ದಿಲ್ಲಲ್ಲ" ಅಂದರು.

ನಾನು ಎಲ್ಲ ಚೀಲಗಳನ್ನೂ ಒಂದೇ ಅಳತೆಯಲ್ಲಿ ಬರೆದಿದ್ದೆ. ಗೋದಾಮಿಗೆ ಹೋಗಿ ಮತ್ತೆ ನೋಡಿದೆ. ತಳದ ಚೀಲ ನಡುವೆ ತಗ್ಗಿ ಎರಡೂ ಕಡೆ ಹರಡಿತ್ತು, ಅದರ ಮೂಲೆಗಳು ಬಿಗಿದಿದ್ದವು. ಮೇಲಿನದು ಸಡಿಲ ಕೂತಿತ್ತು. ಊಟದ ಬಿಡುವಿನಲ್ಲಿ ಅಲ್ಲೇ ನೆಲದ ಮೇಲೆ ಕೂತು, ಈ ಸಲ ಕೆಳಗಿನ ಚೀಲದಿಂದ ಶುರು ಮಾಡಿದೆ.