ಗರಿಕೆ ಹತ್ತಿದ ಹೊಲಕ್ಕೆ ಮೊದಲು ಬಿಸಿಲು, ಆಮೇಲೆ ನೆರಳು

ಹಸಿರೆಲೆ ಗೊಬ್ಬರ ಆಗಲಿ ಅಂತ ಅಪ್ಸೆಣಬು ಚೆಲ್ಲಿರುತ್ತೀರಿ. ತಿಂಗಳು ಬಿಟ್ಟು ನೋಡಿದರೆ ಸೆಣಬಿಗಿಂತ ಗರಿಕೆಯೇ ಜಾಸ್ತಿ. ಇದರಲ್ಲಿ ಸೆಣಬಿನ ತಪ್ಪೇನೂ ಇಲ್ಲ. ಗರಿಕೆ ಮೊದಲೇ ನೆಲ ಹಿಡಿದಿರುವ ಕಡೆ ಸುಮ್ನೆ ಒಂದು ಸಾಲು ಉತ್ತು ಬೀಜ ಚೆಲ್ಲಿದರೆ ಯಾವ ಬೆಳೆ ಹಾಕಿದರೂ ಇದೇ ಕಥೆ. ಸೆಣಬು, ಹುರುಳಿ, ಅಲಸಂದೆ ಎಲ್ಲಾ ಗರಿಕೆಯನ್ನು ಅಮುಕಬಲ್ಲವು, ನಿಜ. ಆದರೆ ಅದಕ್ಕೂ ಮುಂಚೆ ಬೇಸಿಗೆಯಲ್ಲಿ ಅದರ ಬೇರು ಸೊರಗಿರಬೇಕು.

ಶುರು ಮಾಡುವ ಮುಂಚೆ ಅದು ಗರಿಕೆಯೇ ಹೌದಾ ನೋಡಿ. ಎಷ್ಟೋ ಜನ ಜೇಕನ್ನೂ ಹುಲ್ಲಿನ ಲೆಕ್ಕಕ್ಕೇ ಸೇರಿಸಿಬಿಡುತ್ತಾರೆ. ಜೇಕಿನ ದಂಟನ್ನು ಬೆರಳಲ್ಲಿ ಉರುಳಿಸಿದರೆ ಮೂರು ಮೂಲೆ ಸಿಗುತ್ತದೆ, ಕೆಳಗೆ ಅಗೆದರೆ ಕಪ್ಪು ಗಡ್ಡೆ. ಗರಿಕೆಗೆ ಗಡ್ಡೆ ಇಲ್ಲ. ನೆಲದ ಮೇಲೆ ಹರಿಯುವ ಬಳ್ಳಿ, ಗೆಣ್ಣಿಗೊಂದು ಬೇರು, ಮಣ್ಣೊಳಗೆ ಚೂಪು ಮೂತಿಯ ಬಿಳಿ ಬೇರುಕಾಂಡ. ತೆನೆ ಕೈಬೆರಳು ಅಗಲಿಸಿದ ಹಾಗೆ ನಾಲ್ಕೈದು ಕವಲಾಗಿರುತ್ತದೆ. ಜೇಕು ಆಗಿದ್ದರೆ ಮುಂದೆ ಬರೆದಿರುವ ಹುಲ್ಲಿನ ಔಷಧಿ ಏನೂ ಮಾಡುವುದಿಲ್ಲ, ದುಡ್ಡು ದಂಡ.

ಗರಿಕೆ ಬೀಜದಿಂದ ಹರಡುವುದು ಕಡಿಮೆ. ಅದರ ಬಂಡವಾಳವೆಲ್ಲಾ ಮಣ್ಣೊಳಗಿನ ಆ ಬಿಳಿ ಬೇರುಕಾಂಡದಲ್ಲಿ ಇರುತ್ತದೆ. ಒಂದೊಂದು ಗೆಣ್ಣೂ ಒಂದೊಂದು ಗಿಡ ಆಗಬಲ್ಲದು. ಹಾಗಾಗಿ ಹಸಿ ಇರುವಾಗ ರೋಟವೇಟರ್ ಹೊಡೆಸುವುದು ಅಂದರೆ ಗರಿಕೆಯನ್ನು ತುಂಡು ಮಾಡಿ ಹೊಲದ ತುಂಬಾ ನಾಟಿ ಮಾಡಿಸಿದ ಹಾಗೆ. ಹೊಡೆಸಿದ ದಿನ ಹೊಲ ಎಷ್ಟು ಚೆಂದ ಕಾಣುತ್ತದೆ ಅಲ್ವಾ, ಒಂದು ಮಳೆ ಬೀಳಲಿ, ಆಮೇಲೆ ನೋಡಿ. ಗರಿಕೆ ಇರುವ ಹೊಲಕ್ಕೆ ರೋಟವೇಟರ್ ಬೇಡವೇ ಬೇಡ. ಬಾಡಿಗೆ ಕಡಿಮೆ ಅಂದರೂ ಬೇಡ.

ನಿಜವಾದ ಕೆಲಸ ಇರುವುದು ಬೇಸಿಗೆಯಲ್ಲಿ. ಕೆಂಪು ಮಣ್ಣಿನಲ್ಲಿ ಬಹುಪಾಲು ಬೇರು ಮೇಲಿನ ಅರ್ಧ ಮುಕ್ಕಾಲು ಅಡಿಯೊಳಗೇ ಇರುತ್ತದೆ. ಫೆಬ್ರವರಿ ಮಾರ್ಚ್ ಹೊತ್ತಿಗೆ, ನೇಗಿಲು ಇಳಿಯುವಷ್ಟು ಮಾತ್ರ ತೇವ ಇದ್ದಾಗ, ಮಣ್ಣು ಮಗುಚುವ ಎಂ.ಬಿ. ನೇಗಿಲಲ್ಲಿ ಮುಕ್ಕಾಲು ಅಡಿ ಆಳಕ್ಕೆ ಉಳುಮೆ ಮಾಡಿಸಿ. ಹೆಂಟೆ ದಪ್ಪ ದಪ್ಪ ಎದ್ದರೆ ಏಳಲಿ, ಒಡೆಯುವ ಅವಸರ ಬೇಡ. ಬೇರು ಮೇಲಕ್ಕೆ ಬಂದು ಬಿಸಿಲಿಗೆ ಒಣಗಬೇಕು, ಅದೇ ಗುರಿ. ಎರಡು ವಾರ ಚೆನ್ನಾಗಿ ಕಾದ ಮೇಲೆ ಕಲ್ಟಿವೇಟರ್ ಹಾಯಿಸಿದರೆ ಹೆಂಟೆ ಒಡೆದು ಒಳಗಿನ ಬೇರು ಹೊರಗೆ ಬರುತ್ತದೆ. ಮತ್ತೆ ಬಿಸಿಲಿಗೆ ಬಿಡಿ. ಅಡ್ಡಡ್ಡ ಇನ್ನೊಂದು ಸಲ ಹಾಯಿಸಿದರೆ ಇನ್ನೂ ಒಳ್ಳೆಯದು.

ಎರೆಹೊಲದಲ್ಲಿ ಇಷ್ಟು ಸುಲಭ ಇಲ್ಲ. ಅಲ್ಲಿ ಬೇರು ಬಿರುಕಿನೊಳಗೆ ಇಳಿದು ಇನ್ನೂ ಆಳದಲ್ಲಿ ಕೂತಿರುತ್ತದೆ, ಹೆಂಟೆಗಳೂ ಕಲ್ಲಿನಂತಿರುತ್ತವೆ. ಒಂದು ಬೇಸಿಗೆಗೆ ಮುಗಿಯುತ್ತದೆ ಅಂದುಕೊಳ್ಳಬೇಡಿ. ಉತ್ತರ ಕರ್ನಾಟಕದ ಕಡೆ ಆಳು ಹಚ್ಚಿ ಕರಿಕೆ (ಗರಿಕೆಗೆ ಅಲ್ಲಿನ ಹೆಸರು) ಕಡಿಸುತ್ತಿದ್ದದ್ದು ಸುಮ್ನೆ ಅಲ್ಲ. ಗರಿಕೆ ಅಲ್ಲಲ್ಲಿ ತೇಪೆ ತೇಪೆಯಾಗಿ ಮಾತ್ರ ಇದ್ದರೆ ಇಂದಿಗೂ ಪಿಕಾಸಿ ಹಿಡಿದು ಅಗೆದು ತೆಗೆಯುವುದೇ ಲೇಸು. ಇಡೀ ಎಕರೆ ಹಬ್ಬುವ ತನಕ ಬಿಟ್ಟರೆ ಆ ಕೂಲಿ ಯಾರಿಗೂ ಕಟ್ಟುವುದಿಲ್ಲ.

ಮೇಲೆ ಬಂದ ಬೇರನ್ನು ಅಶ್ವಿನಿ, ಭರಣಿ ಮಳೆ ಬರುವ ಮುಂಚೆ ಆರಿಸಿಬಿಡಬೇಕು. ಅರ್ಧ ಒಣಗಿದ ಬೇರಿಗೆ ಒಂದು ಹದ ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ, ಉಳುಮೆ ಖರ್ಚು ಮಣ್ಣುಪಾಲು. ಆರಿಸಿದ್ದನ್ನು ಬದುವಿನ ಮೇಲೆ ಎಸೆಯಬೇಡಿ, ಹಸಿಯಾಗಿ ತಿಪ್ಪೆಗೂ ಹಾಕಬೇಡಿ. ಮಣ್ಣು ಕೊಡವಿ ತೊಳೆದರೆ ದನ ಚೆನ್ನಾಗಿ ತಿನ್ನುತ್ತವೆ. ಉಳಿದದ್ದು ಬಂಡೆ ಮೇಲೋ ಕಣದಲ್ಲೋ ಗರಿಗರಿ ಒಣಗಲಿ.

ಮುಂಗಾರಿನ ಮೊದಲ ಮಳೆಗೆ ಉಳಿದ ಚೂರುಗಳು ಚಿಗುರುತ್ತವೆ. ಆಗ ತಕ್ಷಣ ಬಿತ್ತಬೇಡಿ, ಕಾಯಿರಿ. ಚಿಗುರು ಮೂರು ನಾಲ್ಕು ಎಲೆ ಬಿಡುವವರೆಗೆ ಬೇರಿನಲ್ಲಿ ಕೂಡಿಟ್ಟ ಆಹಾರವನ್ನು ಖರ್ಚು ಮಾಡುತ್ತಿರುತ್ತದೆ. ಅದಾದ ಮೇಲೆ ಎಲೆ ದುಡಿದು ಬೇರಿಗೆ ವಾಪಸ್ ತುಂಬಲು ಶುರು ಮಾಡುತ್ತದೆ. ಆ ನಡುವೆ, ಬಿಸಿಲು ಇರುವ ದಿನ ನೋಡಿಕೊಂಡು, ಕುಂಟೆ ಹೊಡೆಯಬೇಕು. ಇಂಥದ್ದು ಎರಡು ಸಲ ಆದರೆ ಬೇರು ಸೊರಗುತ್ತದೆ. ಬಿತ್ತನೆ ಸ್ವಲ್ಪ ತಡ ಆಗುತ್ತದೆ, ಆಗಲಿ ಬಿಡಿ.

ಈಗ ನೆರಳಿನ ಸರದಿ. ಗರಿಕೆ ಬರ ತಡೆಯುತ್ತದೆ, ತುಳಿತ ತಡೆಯುತ್ತದೆ, ದನ ಮೇದರೂ ತಡೆಯುತ್ತದೆ, ನೆರಳು ಮಾತ್ರ ಅದಕ್ಕೆ ಆಗದು. ಮೃಗಶಿರಾ ಮಳೆಗೆ ಎಕರೆಗೆ 25 ಕೆ.ಜಿ. ಸೆಣಬಿನ ಬೀಜ ಒತ್ತಾಗಿ ಚೆಲ್ಲಿ. ಬೀಜ ಉಳಿಸಲು ಹೋದರೆ ನಡುವೆ ಜಾಗ ಉಳಿಯುತ್ತದೆ, ಆ ಜಾಗ ಗರಿಕೆಯದೇ. 45ರಿಂದ 50 ದಿನಕ್ಕೆ ಹೂವು ಕಾಣಿಸುವಾಗ ಸೆಣಬು ಕೊಯ್ದು ಮಣ್ಣಿಗೆ ಸೇರಿಸುತ್ತೇವೆ. ಅಲ್ಲಿಗೆ ಬಿಟ್ಟರೆ ಕೆಟ್ಟಿರಿ. ಅಷ್ಟು ದಿನ ನೆರಳಲ್ಲಿ ಬಡವಾಗಿದ್ದ ಗರಿಕೆಗೆ ಬೆಳಕೂ ಸಿಕ್ಕಿತು, ಸೆಣಬಿನ ಸಾರಜನಕವೂ ಸಿಕ್ಕಿತು. ಆದ್ದರಿಂದ ಅದರ ಹಿಂದೆಯೇ ಆಗಸ್ಟ್ ಸೆಪ್ಟೆಂಬರಿನಲ್ಲಿ ಹುರುಳಿ ಬಿತ್ತಿ ನೆಲ ಮುಚ್ಚಿಸಿಬಿಡಿ. ಕೆಂಪು ಮಣ್ಣಿನ ಮಳೆ ಹೊಲಕ್ಕೆ ಈ ಜೋಡಿ ಚೆನ್ನಾಗಿ ಹೊಂದುತ್ತದೆ, ಹುರುಳಿ ಕಾಳೂ ಬರುತ್ತದೆ. ಒಂದು ವರ್ಷದ ರಾಗಿ ಬಿಟ್ಟು ಇಡೀ ಹೊಲಕ್ಕೆ ಹೀಗೆ ಮಾಡುವ ತಾಕತ್ತು ಎಲ್ಲರಿಗೂ ಇರಲ್ಲ. ಅಂಥವರು ವರ್ಷಕ್ಕೆ ಅರ್ಧ ಎಕರೆ ಲೆಕ್ಕದಲ್ಲಿ ಹೋಗಬಹುದು, ಕೆಟ್ಟದಾಗಿರುವ ತುಂಡಿನಿಂದ ಶುರು ಮಾಡಿ.

ನವಧಾನ್ಯ ಬಿತ್ತುವವರಿಗೆ ಒಂದು ಮಾತು. ಸಜ್ಜೆ, ಜೋಳ, ಅಲಸಂದೆ, ಸಾಸಿವೆ ಎಲ್ಲಾ ಬೆರೆಸಿ ಚೆಲ್ಲುವುದು ಮಣ್ಣಿಗೆ ಒಳ್ಳೆಯದೇ. ಆದರೆ ಗರಿಕೆ ಹೊಲದಲ್ಲಿ ಮೊದಲ ವರ್ಷ ಬೇಡ. ಸಜ್ಜೆ, ಜೋಳ, ಗರಿಕೆ ಮೂರೂ ಹುಲ್ಲಿನ ಜಾತಿ. ಗರಿಕೆಗೆ ಹೊಡೆಯುವ ಔಷಧಿ ಅವನ್ನೂ ಸುಡುತ್ತದೆ, ಸಾಲಿಲ್ಲದ ಕಾರಣ ಎಡೆಕುಂಟೆಯೂ ಹಾಯುವುದಿಲ್ಲ. ಕೈಕಟ್ಟಿ ಕೂರಬೇಕಾಗುತ್ತದೆ.

ಔಷಧಿ ವಿಷಯ. ಬರೀ ಹುಲ್ಲನ್ನು ಕೊಲ್ಲುವ ಕ್ವಿಜಾಲೋಫಾಪ್ ಈಥೈಲ್ 5 ಇ.ಸಿ. ಅಂತ ಸಿಗುತ್ತದೆ. ಶೇಂಗಾ, ಸೋಯಾ, ಉದ್ದು, ಹತ್ತಿ ಇಂಥ ಅಗಲ ಎಲೆಯ ಬೆಳೆಗಳಲ್ಲಿ ಎಕರೆಗೆ ಸುಮಾರು 400 ಮಿ.ಲೀ. ಬಳಸುತ್ತಾರೆ. ಎಳೆ ಚಿಗುರಿಗೆ ಹೊಡೆದರೆ ಗರಿಕೆ ಹಿಂದೆ ಬೀಳುತ್ತದೆ, ಸಾಯುವುದಿಲ್ಲ. ಬಲಿತ ಮೇಲೆ ಅದೂ ಇಲ್ಲ. ಅಗಲ ಎಲೆಯ ಕಳೆ ಕೊಲ್ಲುವ 2,4-ಡಿ ಗರಿಕೆಗೆ ಏನೂ ಮಾಡದು. ಪ್ಯಾರಾಕ್ವಾಟ್ ಮೇಲಿನ ಎಲೆ ಸುಡುತ್ತದೆ ಅಷ್ಟೇ, ಬೇರು ಹಾಗೇ ಇರುತ್ತದೆ. ಮೈಗೆ ಹೋದರೆ ಮದ್ದಿಲ್ಲದ ವಿಷ ಅದು, ಅದನ್ನು ಮನೆಗೇ ತರಬೇಡಿ ಅನ್ನುತ್ತೇನೆ.

ಬೇರಿನವರೆಗೆ ಇಳಿಯುವುದು ಗ್ಲೈಫೋಸೇಟ್. ಇದರ ಬಳಕೆಯನ್ನು ಕೀಟ ನಿಯಂತ್ರಣದ ಪರವಾನಗಿ ಇರುವವರಿಗೆ ಮಾತ್ರ ಸೀಮಿತ ಮಾಡಿ ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆದೇಶ ಹೊರಡಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2015ರಲ್ಲೇ ಇದನ್ನು ಕ್ಯಾನ್ಸರ್ ತರುವ ಸಂಭವ ಇರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಅಂಗಡಿಯವರ ಮಾತು ಬಿಟ್ಟು ಈಗಿನ ನಿಯಮ ಏನು ಅಂತ ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಇದನ್ನು ಹೊಡೆಸುವವರೂ ಬೇಸಿಗೆಯಲ್ಲಿ ಒಣಗಿದ ಗರಿಕೆಗೆ ಹೊಡೆಸಿ ಕೆಲಸ ಮಾಡಲಿಲ್ಲ ಅಂತ ಬೈಯುತ್ತಾರೆ. ಅದು ಎಲೆಯಿಂದ ಬೇರಿಗೆ ಹೋಗಬೇಕಾದರೆ ಗರಿಕೆ ಹಸಿರಾಗಿ ಬೆಳೆಯುತ್ತಿರಬೇಕು. ಕಲಕು ನೀರಲ್ಲಿ ಕಲೆಸಿದರೆ ಮಣ್ಣೇ ಅದನ್ನು ಹಿಡಿದುಕೊಳ್ಳುತ್ತದೆ, ತಿಳಿನೀರು ಬೇಕು. ಹೊಡೆದ ಮೇಲೆ ಎರಡು ಮೂರು ವಾರ ಉಳುಮೆ ಮಾಡುವಂತಿಲ್ಲ. ನನ್ನ ಕೇಳಿದರೆ, ಮಳೆ ಹೊಲದಲ್ಲಿ ಬಿಸಿಲು ಪುಕ್ಕಟೆ ಇರುವಾಗ ಇದರ ಸಹವಾಸ ಬೇಕಿಲ್ಲ.

ಬದುವಿನ ಗರಿಕೆ ಬೇರೆ ಲೆಕ್ಕ. ಅದನ್ನು ಕೆತ್ತಬೇಡಿ. ಮಳೆಗೆ ಬದು ಒಡೆಯದಂತೆ ಹಿಡಿದಿರುವುದೇ ಅದು, ದನಕ್ಕೆ ಮೇವು, ಗಣೇಶನ ಹಬ್ಬಕ್ಕೂ ಬೇಕು. ಬದುವಿನ ಬುಡಕ್ಕೆ ಒಂದು ಅಡಿ ಅಗಲ, ಒಂದು ಅಡಿ ಆಳದ ಕಾಲುವೆ ತೆಗೆದು ಹೊಲದಿಂದ ಬೇರೆ ಮಾಡಿದರೆ ಸಾಕು. ಕಾಲುವೆ ದಾಟಿ ಬರುವ ಬಳ್ಳಿಯನ್ನು ಮಳೆಗಾಲದಲ್ಲಿ ಆಗಾಗ ಕುಡುಗೋಲಲ್ಲಿ ಕತ್ತರಿಸಿ.

ಇನ್ನು ಬಾಡಿಗೆ ಟ್ರ್ಯಾಕ್ಟರು. ಪಕ್ಕದ ಹೊಲದಿಂದ ನೇರ ನಿಮ್ಮ ಹೊಲಕ್ಕೆ ಇಳಿಯುವ ಕಲ್ಟಿವೇಟರಿನ ಹಲ್ಲುಗಳಿಗೆ ಹಸಿ ಗರಿಕೆ ಸುತ್ತಿಕೊಂಡೇ ಬರುತ್ತದೆ. ಡ್ರೈವರ್ ಗೊಣಗಿದರೂ ಪರವಾಗಿಲ್ಲ, ರಸ್ತೆ ಬದಿಯಲ್ಲೇ ನಿಲ್ಲಿಸಿ ಅದನ್ನು ಬಿಡಿಸಿ ಆಮೇಲೆ ಒಳಗೆ ಬಿಡಿ. ನಿಮ್ಮ ಹೊಲದಲ್ಲೂ ಗರಿಕೆ ಇಲ್ಲದ ಕಡೆಯಿಂದ ಉಳುಮೆ ಶುರು ಮಾಡಿಸಿ, ಗರಿಕೆ ಇರುವ ತುಂಡು ಕೊನೆಗೆ ಇರಲಿ.