ಕಾಫಿ ಗೋಡೌನಲ್ಲಿ ಟ್ರಂಪೆಟ್ ರೆಕಾರ್ಡಿಂಗ್: ನನ್ನ ಅನುಭವ

ನಾನು ಸುಂಟಿಕೊಪ್ಪದ ಹತ್ರ ಒಂದು ತೋಟದಲ್ಲಿ ರೈಟರ್. ಕೊಡಗಿನವರಿಗೆ ಹೇಳ್ಬೇಕಾಗಿಲ್ಲ, ಬೇರೆಯವರಿಗೆ ಹೇಳ್ತೀನಿ, ರೈಟರ್ ಅಂದ್ರೆ ಕಥೆ ಕಾದಂಬರಿ ಬರೆಯೋನಲ್ಲ, ಆಳುಗಳ ಹಾಜರಿ, ಕೂಲಿ, ಮೂಟೆ ಲೆಕ್ಕ ಬರೆಯೋನು. ಸಂಜೆ ಲೆಕ್ಕ ಮುಗಿದ್ಮೇಲೆ ಟ್ರಂಪೆಟ್ ಊದ್ತೀನಿ. ಮದುವೆ ಬ್ಯಾಂಡು, ಚರ್ಚ್ ಹಬ್ಬ, ಮಡಿಕೇರಿ ದಸರಾ ಮೆರವಣಿಗೇಲಿ ರಾತ್ರಿಯಿಡೀ, ಹೀಗೆ ಕರೆದ ಕಡೆ ಹೋಗಿ ಊದಿ ಊದಿ ಹನ್ನೆರಡು ವರ್ಷ ಆಯ್ತು, ಆದ್ರೆ ಪುಸ್ತಕ ಮುಂದಿಟ್ಕೊಂಡು ಎಟ್ಯೂಡ್ ಅಂತ ಶಿಸ್ತಾಗಿ ಕೂತಿದ್ದು ಈಚೆಗೆ, ಅದನ್ನ ರೆಕಾರ್ಡ್ ಮಾಡಿ ಕೇಳೋಕೆ ಶುರು ಮಾಡಿ ಎರಡು ವರ್ಷ ಅಷ್ಟೇ.

ಎಟ್ಯೂಡ್ ಅಂದ್ರೆ ನಮ್ಮ ಸಂಗೀತದಲ್ಲಿ ವರ್ಣ ಇದ್ದ ಹಾಗೆ ಅಂದ್ಕೊಳ್ಳಿ. ಸರಳೆ ಜಂಟಿ ತರ ಬರೀ ಅಭ್ಯಾಸದ ಪಾಠ ಅಲ್ಲ, ಕಚೇರಿಗೂ ತರಬಹುದಾದ ಪೂರ್ತಿ ರಚನೆ, ಆದ್ರೆ ಒಳಗೆ ಒಂದೊಂದು ಕಷ್ಟನ ಬೇಕಂತಲೇ ಬಚ್ಚಿಟ್ಟಿರ್ತಾರೆ, ಒಂದರಲ್ಲಿ ನಾಲಿಗೆ ಕೆಲಸ, ಇನ್ನೊಂದರಲ್ಲಿ ದೂರದ ಸ್ವರಕ್ಕೆ ಜಿಗಿಯೋದು, ಮತ್ತೊಂದರಲ್ಲಿ ಉಸಿರು.

ನನಗೆ ಕಲಿಸಿದ್ದು ಅಮ್ಮನ ಅಣ್ಣ. ಮಿಲಿಟರಿ ಬ್ಯಾಂಡಲ್ಲಿ ಕಾರ್ನೆಟ್ (ಟ್ರಂಪೆಟ್ ತರದ್ದೇ ಗಿಡ್ಡ ವಾದ್ಯ) ಊದ್ತಿದ್ರು, ಮಧ್ಯಪ್ರದೇಶದ ಪಚ್‌ಮಡಿಯ ಸೇನಾ ಸಂಗೀತ ಶಾಲೆಯಲ್ಲಿ ಕಲಿತವರು. ಆ ಶಾಲೆ ಶುರುವಾದದ್ದು 1950ರಲ್ಲಿ, ಆಗ ಸೇನೆಯ ಮುಖ್ಯಸ್ಥರು ನಮ್ಮ ಕಾರ್ಯಪ್ಪನವರು, ಹಾಗಾಗಿ ಮಾವನಿಗೆ ಅದು ಒಂಥರ ಮನೆ ವಿಷಯ, ಮಾತು ಎಲ್ಲಿಂದ ಶುರುವಾದ್ರೂ ಪಚ್‌ಮಡಿಗೇ ಹೋಗಿ ನಿಲ್ತಿತ್ತು. ಪ್ರತಿ ಭಾನುವಾರ ಬಸ್ಸಲ್ಲಿ ಬಂದು, ಕೇಳಿ, ಬೈದು, ಊಟ ಮಾಡ್ಕೊಂಡು ಹೋಗೋರು. ಮಂಡಿ ನೋವು ಜಾಸ್ತಿಯಾಗಿ ಮೈಸೂರಿಗೆ ಮಗಳ ಮನೆಗೆ ಹೋದ್ಮೇಲೆ ಅದು ನಿಂತೋಯ್ತು. ಆಮೇಲೆ ಒಂದಿನ ಫೋನಲ್ಲಿ, "ರೆಕಾರ್ಡ್ ಮಾಡಿ ಕಳ್ಸೋ, ಕೂತಲ್ಲೇ ಬೈತೀನಿ" ಅಂದ್ರು. ಅಂದ್ರೆ ನಾನು ಶುರು ಮಾಡಿದ್ದು ಸುಧಾರಿಸ್ಬೇಕು ಅಂತ ಏನಲ್ಲ, ಮಾವನಿಗೆ ಕಳ್ಸೋಕೆ.

ಮೊದಲನೇ ಸಲ ಮೆಸೇಜಲ್ಲಿ ವಾಯ್ಸ್ ನೋಟ್ ಒತ್ತಿ, ಫೋನನ್ನ ಸ್ಟ್ಯಾಂಡ್ ಮೇಲೆ ಟ್ರಂಪೆಟ್ ಮೂತಿ ಎದುರಿಗೇ ಇಟ್ಟು ಊದಿ ಕಳ್ಸಿದೆ. ಮಾವ ಹೇಳಿದ್ದು, "ಏನೋ ಇದು, ಡಬ್ಬಿ ಒಳಗೆ ಸೊಳ್ಳೆ ಬಿಟ್ಟಂಗಿದೆ." ಕೇಳಿದ್ರೆ ನಿಜವಾಗ್ಲೂ ಹಾಗೇ ಇತ್ತು. ವಾಯ್ಸ್ ನೋಟ್ ಮಾಡಿರೋದು ಮಾತಿಗೆ, ಉದ್ದಕ್ಕೆ ಎಳೆದ ಒಂದು ಸ್ವರ ಬಂದ್ರೆ ಫೋನು ಅದನ್ನ ಫ್ಯಾನ್ ಸೌಂಡ್ ಅಂತ ತಿಳ್ಕೊಂಡು ಅಳಿಸೋಕೆ ನೋಡತ್ತೆ. ಅದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ, ಜೋರಾಗಿ ಊದಿದ್ರೆ ಫೋನ್ ತಾನೇ ಸೌಂಡ್ ತಗ್ಗಿಸತ್ತೆ, ಮೆಲ್ಲಗೆ ಊದಿದ್ರೆ ತಾನೇ ಏರಿಸತ್ತೆ, ನಾವು ಕಷ್ಟಪಟ್ಟು ಮಾಡಿದ ಏರಿಳಿತ ಎಲ್ಲ ಚಪಾತಿ ಲಟ್ಟಿಸಿದಂಗೆ ಸಮ ಆಗೋಗತ್ತೆ. ಈಗ ನಾನು ಮಾಡೋದು ಇಷ್ಟು: ಲೆವೆಲ್ ಕೈಯಲ್ಲೇ ಸೆಟ್ ಮಾಡೋಕೆ ಬಿಡೋ ಒಂದು ರೆಕಾರ್ಡರ್ ಆಪ್ ಹಾಕ್ಕೊಂಡಿದೀನಿ, ಅದರಲ್ಲಿ ನಾಯ್ಸ್ ಕಡಿಮೆ ಮಾಡೋ ಆಪ್ಷನ್ ಆಫ್, ಫೋನು ಏಳೆಂಟು ಅಡಿ ದೂರ, ಅದೂ ನೇರ ಎದುರಿಗಲ್ಲ ಸ್ವಲ್ಪ ಓರೆಗೆ, ಅತಿ ಜೋರಿನ ಸ್ವರ ಬಂದಾಗಲೂ ಮೀಟರ್ ಮೈನಸ್ 10 ಡೆಸಿಬೆಲ್ ಆಸುಪಾಸಲ್ಲೇ ಇರ್ಬೇಕು, ಸೊನ್ನೆ ಮುಟ್ಟಿದ್ರೆ ಸೌಂಡ್ ಒಡೆಯತ್ತೆ. ಫೈಲ್ ವೇವ್‌ನಲ್ಲಿ. ಸ್ಟೀರಿಯೋ ಆದ್ರೆ ನಿಮಿಷಕ್ಕೆ ಸುಮಾರು 10 ಎಂಬಿ ತಿನ್ನತ್ತೆ, ಮೋನೋ ಸಾಕು, ಅರ್ಧ ಆಗತ್ತೆ. ಕಳ್ಸೋವಾಗ ಆಡಿಯೋ ಅಂತ ಅಲ್ಲ, ಡಾಕ್ಯುಮೆಂಟ್ ಅಂತ ಅಟ್ಯಾಚ್ ಮಾಡ್ತೀನಿ.

ಸರಿ ಮಾಡಿ ಕಳಿಸಿದ ಮೊದಲ ಟೇಕ್ ಕೇಳಿ ಮಾವ ಸ್ವಲ್ಪ ಹೊತ್ತು ಸುಮ್ನಿದ್ದು, "ಸ್ವರ ಎಲ್ಲ ಬಂದಿದೆ ಕಣೋ. ಇದು ಮಾರ್ಚಾ, ಲಾಲಿ ಹಾಡಾ?" ಅಂದ್ರು. ಪುಟದ ತಲೆ ಮೇಲೆ ಮಾರ್ಚ್ ಶೈಲಿ ಅಂತ ದಪ್ಪಕ್ಷರದಲ್ಲಿದೆ, ನಾನೂ ಊದೋವಾಗ ಎದೆ ಸೆಟೆಸ್ಕೊಂಡೇ ಊದಿದ್ದೆ! ಆ ಮಾತಿಗೆ ಸಿಟ್ಟೂ ಬಂತು, ಆದ್ರೆ ಹೆಡ್‌ಫೋನ್ ಹಾಕ್ಕೊಂಡು ಕೇಳಿದ್ರೆ ನನಗೇ ಮಾರ್ಚ್ ಅನ್ನಿಸ್ಲಿಲ್ಲ. ಚುಕ್ಕಿ ಇಟ್ಟ ಸ್ವರಗಳು ಚಿಕ್ಕದಾಗಿಲ್ಲ, ಒತ್ತು ಕೊಟ್ಟ ಸ್ವರ ಪಕ್ಕದ ಸ್ವರಕ್ಕಿಂತ ಬೇರೆ ಅನ್ಸಲ್ಲ. ನನ್ನ ತಲೆಯೊಳಗೆ ನಡೀತಿದ್ದ ಮಾರ್ಚು ಮೂತಿ ದಾಟಿ ಆಚೆ ಹೋಗಿರ್ಲಿಲ್ಲ. ಊದೋವಾಗ ನಮಗೆ ಕೇಳೋದ್ರಲ್ಲಿ ಹಲ್ಲು, ದವಡೆ ಮೂಲಕ ಒಳಗಿಂದಲೇ ಬರೋ ಪಾಲೂ ಸೇರಿರತ್ತೆ, ಟ್ರಂಪೆಟ್ ಮೂತಿ ಬೇರೆ ನಮ್ಮಿಂದ ಆ ಕಡೆಗೆ ತಿರುಗಿರತ್ತೆ, ಹಾಗಾಗಿ ಎದುರಿಗೆ ಕೂತವನಿಗೆ ಏನು ಕೇಳತ್ತೆ ಅನ್ನೋದು ನಮಗೆ ಗೊತ್ತಾಗೋದೇ ಇಲ್ಲ.

ಇಲ್ಲಿ ಗೋಡೌನ್ ವಿಷಯ ಹೇಳ್ಬೇಕು, ಯಾಕಂದ್ರೆ ನಾನು ಕಲಿತದ್ದರಲ್ಲಿ ಅರ್ಧ ಅಲ್ಲೇ. ಮನೇಲಿ ಊದಿದ್ರೆ ಲೈನಿನ (ಆಳುಗಳ ಸಾಲುಮನೆ) ಮಕ್ಕಳು ಓದೋಕಾಗಲ್ಲ ಅಂತ ತೋಟದ ಗೋಡೌನೇ ನನ್ನ ಜಾಗ. ಮೇ ತಿಂಗಳಿಗೆ ಮಾಲೆಲ್ಲ ಹೋಗಿ ಖಾಲಿ ಆಗಿರತ್ತೆ, ಸಿಮೆಂಟ್ ನೆಲ, ಮೇಲೆ ಶೀಟು, ಒಂದು ಸ್ವರ ಊದಿದ್ರೆ ದೊಡ್ಡ ಚರ್ಚಲ್ಲಿ ಊದಿದಂಗೆ ಗುಂಯ್ ಅಂತ ತುಂಬ್ಕೊಳತ್ತೆ. ಆರು ತಿಂಗಳು ಅಲ್ಲಿ ಊದಿ ನಾನು ದೊಡ್ಡ ಆರ್ಟಿಸ್ಟು ಅಂದ್ಕೊಂಡಿದ್ದೆ. ಜನವರಿ ಕೊನೆಗೆ ರೋಬಸ್ಟಾ ಚೆರ್ರಿ ಬರೋಕೆ ಶುರುವಾಯ್ತು, 50 ಕೆಜಿ ಚೀಲ ಗೋಡೆಗೆ ಆನಿಸಿ ಸೂರಿನವರೆಗೆ ಅಟ್ಟಿ ಕಟ್ಟಿದ್ರು, ನಡುವೆ ಒಂದು ಓಣಿಯಷ್ಟು ಜಾಗ ಉಳೀತು. ಅಲ್ಲಿ ನಿಂತು ಅದೇ ಎಟ್ಯೂಡ್ ರೆಕಾರ್ಡ್ ಮಾಡಿದೆ ನೋಡಿ, ಅಯ್ಯೋ ದೇವ್ರೇ. ಗೋಣಿಚೀಲ ಪ್ರತಿಧ್ವನಿನೆಲ್ಲ ನುಂಗ್ಬಿಟ್ಟಿತ್ತು, ಉಳಿದಿದ್ದು ನಾನು ಊದಿದ್ದು ಮಾತ್ರ. ಸ್ವರ ಸ್ವರಕ್ಕೂ ಮಧ್ಯ ಬಿರುಕು, ಒಂದು ಸ್ವರ ಗಾಳಿ ಮಾತ್ರ, ಸಾಲಿನ ಕೊನೆ ಸ್ವರ ಎಲ್ಲಾ ಕಡೆ ಮೊಟಕು. ಖಾಲಿ ಗೋಡೌನು ಇದನ್ನೆಲ್ಲ ಗಾರೆ ಮೆತ್ತಿದಂಗೆ ಮುಚ್ಚಿ ನನಗೆ ತೋರಿಸ್ತಿತ್ತು. ಹಾಗಾಗಿ ಈಗ ಮೇಯಿಂದ ಡಿಸೆಂಬರ್‌ವರೆಗೆ ಗೋಣಿ ಕಟ್ಟುಗಳನ್ನೂ ಹಳೇ ಟಾರ್ಪಾಲನ್ನೂ ಮೂರು ಕಡೆ ನೇತಾಕಿ ಅದರ ಮಧ್ಯೆ ನಿಂತು ಊದ್ತೀನಿ. ಚೆಂದ ಕೇಳಲ್ಲ, ಬೇಜಾರಾಗತ್ತೆ, ಆದ್ರೆ ಆ ಜಾಗದಲ್ಲಿ ಚೆನ್ನಾಗಿ ಬಂದದ್ದು ಎಲ್ಲಿ ಬೇಕಾದ್ರೂ ಚೆನ್ನಾಗೇ ಬರತ್ತೆ.

ಆ ಫೈಲನ್ನ ಲ್ಯಾಪ್‌ಟಾಪಲ್ಲಿ ಆಡಾಸಿಟಿ ಅನ್ನೋ ಆಡಿಯೋ ಸಾಫ್ಟ್‌ವೇರಿಗೆ ಹಾಕಿ ದೊಡ್ಡದು ಮಾಡಿ ನೋಡಿದ್ರೆ ಒಂದೊಂದು ಸ್ವರದ ಆಕಾರ ಕಣ್ಣಿಗೇ ಕಾಣತ್ತೆ. ಮಾರ್ಚಲ್ಲಿ ಸ್ವರ ಇಟ್ಟಿಗೆ ಜೋಡಿಸಿದಂಗೆ ಇರ್ಬೇಕು, ಶುರುವಲ್ಲೇ ಪೂರ್ತಿ ದಪ್ಪ. ನಂದು ಬಾಳೆಕಾಯಿ ಸಾಲು, ತುದಿ ಸಣ್ಣ ಮಧ್ಯ ಊದ್ಕೊಂಡು ಮತ್ತೆ ಸಣ್ಣ. ಪ್ರತಿ ಸ್ವರನೂ "ವ್ವಾ" ಅಂತ ಶುರುವಾಗ್ತಿತ್ತು ಅಂದ್ರೆ ಗಾಳಿ ನಾಲಿಗೆಗಿಂತ ತಡವಾಗಿ ಬರ್ತಿತ್ತು. ಮಾವ ಹತ್ತು ವರ್ಷದಿಂದ "ಗಾಳಿ ಮೊದಲು, ಗಾಳಿ ಮೊದಲು" ಅಂತ ಬಡ್ಕೊಂಡಿದ್ದು ಇದನ್ನೇ, ಬಾಳೆಕಾಯಿ ಕಣ್ಣಾರೆ ನೋಡಿದ್ಮೇಲೆ ತಲೆಗೆ ಹೋಯ್ತು.

ನಾಲಿಗೆ ವಿಷಯದಲ್ಲಿ ಇನ್ನೊಂದು ಸಿಕ್ತು, ಇದು ನಮ್ಮ ಭಾಷೆಯವರಿಗೆ ಉಪಯೋಗ ಆಗ್ಬಹುದು. ಪ್ಯಾರಿಸ್ಸಿನ ಆರ್ಬನ್ 1864ರಲ್ಲಿ ಹೊರತಂದ ಕಾರ್ನೆಟ್ ಪುಸ್ತಕ ಇವತ್ತಿಗೂ ನಮ್ಮ ಬೈಬಲ್ಲು, ಅದರಲ್ಲಿ ಸ್ವರ ಶುರು ಮಾಡೋಕೆ ನಾಲಿಗೆ ಹೇಗಿಡ್ಬೇಕು ಅಂತ ಒಂದು ಅಕ್ಷರ ಕೊಟ್ಟಿದೆ. ಅದನ್ನ ಇಂಗ್ಲಿಷಲ್ಲಿ ಓದಿ ನಾನು ಇಷ್ಟು ವರ್ಷ "ಟು" ಅಂತಿದ್ದೆ. ನಾವು ಇಂಗ್ಲಿಷಿನ ಟಿ ಅಕ್ಷರನೆಲ್ಲ ಟವರ್ಗಕ್ಕೆ ಹಾಕೋರು ಅಲ್ವಾ, ನಾಲಿಗೆ ಹಿಂದಕ್ಕೆ ಮಡಚತ್ತೆ. ಆದ್ರೆ ಆರ್ಬನ್ ಬರೆದದ್ದು ಫ್ರೆಂಚಲ್ಲಿ, ಅವರ ಆ ಅಕ್ಷರ ಹಲ್ಲಿಗೆ ತಾಗೋದು, ಅಂದ್ರೆ ನಮ್ಮ "ತು". ಒಂದು ಸಂಜೆ ಒಂದೇ ಸಾಲನ್ನ ಟು ಅಂತ ಹತ್ತು ಸಲ, ತು ಅಂತ ಹತ್ತು ಸಲ ರೆಕಾರ್ಡ್ ಮಾಡಿ, ಫೈಲ್ ಹೆಸರು ನೋಡದೆ ಕಲಸಿ ಕೇಳಿದೆ. ಟು ಅಂದಲ್ಲೆಲ್ಲ ಸ್ವರದ ಮುಂದೆ "ತುಪ್" ಅಂತ ಒಂದು ಗುದ್ದು. ತು ಅಂದದ್ದು ಸ್ವಚ್ಛ. ಬಿಟ್ಟೂ ಬಿಡದ ಹಾಗೆ ಊದ್ಬೇಕಾದ ಕಡೆ "ದು". ವೇಗದ ಕಡೆ ತು-ಕು ತು-ಕು. ತವರ್ಗ ಟವರ್ಗ ಬೇರೆ ಬೇರೆ ಇರೋ ಭಾಷೆ ಆಡೋ ನಮಗೆ ಇದು ಅಪ್ಪನ ಮನೆ ಆಸ್ತಿ, ನಾನೇ ಬಳಸಿರ್ಲಿಲ್ಲ.

ಕೇಳೋ ಕ್ರಮ ಅಂತ ನಾನು ಮಾಡ್ಕೊಂಡಿರೋದು ಹೀಗೆ. ವಾರಕ್ಕೆ ಒಂದೇ ಎಟ್ಯೂಡ್. ಶನಿವಾರ ಮೂರು ಟೇಕ್, ತಪ್ಪಾದ್ರೂ ನಿಲ್ಸಂಗಿಲ್ಲ, ಅಳಿಸಂಗಿಲ್ಲ. ಮೊದಲು ಅಳಿಸ್ತಿದ್ದೆ, ಹನ್ನೊಂದು ಸಲ ಊದಿ ಹನ್ನೊಂದನೇದು ಚೆನ್ನಾಗಿದ್ರೆ ಅದನ್ನ ಮಾತ್ರ ಇಟ್ಕೊಂಡು ಖುಷಿಪಡೋದು. ಮದುವೆ ಮನೇಲಿ ಯಾರು ಹನ್ನೊಂದು ಸಲ ಊದೋಕೆ ಬಿಡ್ತಾರೆ? ಈಗ ಮೂರರಲ್ಲಿ ಕೆಟ್ಟದ್ದೇ ನನ್ನ ಲೆವೆಲ್ಲು ಅಂತ ಲೆಕ್ಕ. ಕೇಳೋದು ಅವತ್ತೇ ಅಲ್ಲ, ಭಾನುವಾರ ಬೆಳಿಗ್ಗೆ, ಯಾಕಂದ್ರೆ ಊದಿದ ಗಳಿಗೆಯಲ್ಲೇ ಕೇಳಿದ್ರೆ ಊದಬೇಕು ಅಂದ್ಕೊಂಡಿದ್ದೇ ಕಿವಿಗೆ ಕೇಳತ್ತೆ. ಒಂದು ಸಲ ಕೇಳೋವಾಗ ಒಂದನ್ನ ಮಾತ್ರ ನೋಡ್ತೀನಿ: ಮೊದಲ ಸಲ ಬರೀ ತಾಳ, ಎರಡನೇ ಸಲ ಶ್ರುತಿ, ಮೂರನೇ ಸಲ ಸ್ವರದ ತಲೆ ಮತ್ತು ಬಾಲ. ಹಾಜರಿ ಪುಸ್ತಕದ ಹಿಂದೆ ಗೆರೆ ಎಳೆದು ಬರ್ಕೊಳ್ತೀನಿ, ಅಭ್ಯಾಸ ಬಿಡತ್ತಾ! ಶುರುವಿನ ಸ್ವರ ಒಡೆಯದೆ ಬಂದದ್ದು ಮೊದಲ ತಿಂಗಳು 12 ಟೇಕಲ್ಲಿ 7, ಈಗ 11, 12.

ಶ್ರುತಿ ಸಿಕ್ಕಾಪಟ್ಟೆ ತಲೆ ತಿಂತು. ಜುಲೈಲಿ ಮೊದಲ ಟೇಕ್ ಯಾವಾಗಲೂ ತಗ್ಗು, ಮೂರನೇದು ಸರಿ. ನನ್ನ ತಪ್ಪು ಅಂದ್ಕೊಂಡು ತುಟಿ ಬಿಗಿ ಮಾಡಿ ಇನ್ನೂ ಹಾಳು ಮಾಡ್ಕೊಂಡೆ. ಆಮೇಲೆ ಗೊತ್ತಾಯ್ತು, ಒಳಗಿನ ಗಾಳಿ ಒಂದು ಡಿಗ್ರಿ ತಣ್ಣಗಾದ್ರೆ ಶ್ರುತಿ ಸುಮಾರು 3 ಸೆಂಟ್ ಇಳಿಯತ್ತೆ, 100 ಸೆಂಟ್ ಅಂದ್ರೆ ಅರ್ಧ ಸ್ವರ, ನಮ್ಮ ಮಳೆಗಾಲದ ಗೋಡೌನಲ್ಲಿ ಹಿತ್ತಾಳೆ ಐಸ್ ತರ ಇರತ್ತೆ. ಈಗ ಕಂಬಳಿ ಸುತ್ತಿ ಇಡ್ತೀನಿ, ಊದೋ ಮುಂಚೆ ಐದು ನಿಮಿಷ ಸದ್ದಿಲ್ಲದೆ ಬಿಸಿ ಉಸಿರು ಬಿಡ್ತೀನಿ. ಕೆಳಗಿನ ಡಿ ಸ್ವರ ಮಾತ್ರ ಮಳೆ ಬಿಸಿಲು ಯಾವುದಕ್ಕೂ ಸಂಬಂಧ ಇಲ್ದೆ ಪ್ರತಿ ಟೇಕಲ್ಲೂ ಏರಿತ್ತು, ಅದು ವಾದ್ಯದ ಜಾತಕ, ಮೂರನೇ ಸ್ಲೈಡ್ (ಜಾರೋ ಕೊಳವೆ) ಹೊರಗೆ ತಳ್ಳಿ ಊದ್ಬೇಕು. ನಂದು ತಳ್ಳೋಕೇ ಬರ್ತಿರ್ಲಿಲ್ಲ, ಗ್ರೀಸ್ ಒಣಗಿ ಕಚ್ಕೊಂಡಿತ್ತು. ಎಷ್ಟು ವರ್ಷದಿಂದಲೋ.

ತಾಳದಲ್ಲಿ ಸಿಕ್ಕಿದ್ದು: ಉಸಿರು ತಗೊಳ್ಳೋ ಜಾಗದಲ್ಲಿ ನಾನು ಕಳ್ಳ. ಉಸಿರಿಗೆ ಮುಂಚಿನ ಸ್ವರನ ಕತ್ತರಿಸೋದು, ಆಮೇಲೆ ತಡ ಆಯ್ತು ಅಂತ ಭಯಕ್ಕೆ ಮುಂದಿನ ಸಾಲು ಓಡೋದು. ನಿಮಿಷಕ್ಕೆ 84 ಬಡಿತದಲ್ಲಿ ಶುರುವಾದದ್ದು ಪುಟದ ಕೊನೆಗೆ 91. ಮೆಟ್ರೊನೋಮ್ (ಟಿಕ್ ಟಿಕ್ ಅಂತ ತಾಳ ಹಾಕೋದು) ಹಾಕ್ಕೊಂಡು ಊದಿದ್ರೆ ಸರಿ ಇರತ್ತೆ, ತೆಗೆದ್ರೆ ಮತ್ತೆ ಅದೇ ಹಾಡು. ಕೊನೆಗೆ ಪೆನ್ಸಿಲಲ್ಲಿ ಉಸಿರಿನ ಜಾಗ ಗುರುತು ಹಾಕಿ, ಆ ಸ್ವರನ ಎಷ್ಟು ಮೊಟಕು ಮಾಡ್ಬೇಕು ಅಂತಲೂ ಬರೆದಿಟ್ಟೆ, ಕದಿಯೋದಾದ್ರೆ ಲೆಕ್ಕ ಇಟ್ಟು ಕದಿಯೋದು.

ರೆಕಾರ್ಡಿಂಗಲ್ಲಿ ನಮ್ಮದಲ್ಲದ್ದೂ ಸಿಗತ್ತೆ. ಮೇಯಲ್ಲಿ ಜೀರುಂಡೆ, ಜೂನಲ್ಲಿ ಸಿಳ್ಳಾರ ಹಕ್ಕಿ, ಅದರ ಸಿಳ್ಳೆ ನನ್ನ ಮೆಲ್ಲಗಿನ ಸಾಲಿಗಿಂತ ಎಷ್ಟೋ ಚೆನ್ನಾಗಿತ್ತು ಅಂತ ಒಂದು ಟೇಕ್ ಹಾಗೇ ಇಟ್ಕೊಂಡಿದೀನಿ. ಒಂದ್ಸಲ ಭಾನುವಾರ ಕೇಳ್ತಾ ಇದ್ರೆ ಮೂರನೇ ಟೇಕ್ ನಡುವೆ ಪಟಾರ್ ಅಂತ ಸೌಂಡು. ಹೋಗಿ ನೋಡಿದ್ರೆ ಕಾಫಿ ಒಣಗಿಸೋ ಕಣದ ಆಚೆ ಹಲಸಿನ ಕೊಂಬೆ ಮುರಿದು ಬಿದ್ದಿದೆ, ಪಕ್ಕದಲ್ಲಿ ಬುಟ್ಟಿಯಷ್ಟು ಆನೆ ಲದ್ದಿ. ನಾನು ಐವತ್ತಡಿ ದೂರದಲ್ಲಿ ಕಣ್ಮುಚ್ಚಿ ಊದ್ತಾ ನಿಂತಿದ್ದೆ. ಅವತ್ತಿಂದ ಆರು ಗಂಟೆ ಮೇಲೆ ಊದೋದಿಲ್ಲ, ಲೈನಿನ ಅಕ್ಕ ಒಬ್ರು "ರೈಟ್ರೇ, ನಿಮ್ಮವರು ಅಂತ ಬಂದಿರ್ಬೇಕು ಬಿಡಿ" ಅಂದಿದ್ದು ಇನ್ನೂ ತೋಟದಲ್ಲಿ ಓಡ್ತಾ ಇದೆ.

ಈಗ ಆರ್ಬನ್ ಪುಸ್ತಕದ ಕೊನೆ ಕಡೆ ಇರೋ 14 ದೊಡ್ಡ ಎಟ್ಯೂಡಿಗೆ ಬಂದಿದೀನಿ, ಮೊದಲನೇದೇ ಮುಗೀತಿಲ್ಲ, ವಿಶ್ರಾಂತಿನೇ ಇಲ್ಲದ ಪುಟ, ಅರ್ಧಕ್ಕೇ ತುಟಿ ಸೋಲತ್ತೆ. ಕಳೆದ ಶನಿವಾರದ ಮೂರೂ ಟೇಕ್ ಮಾವನಿಗೆ ಕಳ್ಸಿದೆ. ಎರಡನೇದನ್ನ ಕೇಳಿ ಫೋನ್ ಮಾಡಿದ್ರು.

"ಮಧ್ಯದಲ್ಲಿ ಮಳೆ ಬಂತೇನೋ?"

"ಹೂಂ ಮಾವ, ಶೀಟ್ ಅಲ್ವಾ, ಸ್ವಲ್ಪ ಸೌಂಡು. ಕೇಳೋಕೆ ತೊಂದರೆ ಆಯ್ತಾ?"

"ನನಗೇನೂ ಆಗಿಲ್ಲ. ಮಳೆ ಬಿದ್ದಲ್ಲಿಂದ ನೀನು ಓಡಿದೀಯ."

ಹೋಗಿ ಕೇಳಿದೆ, ಮೇಜಿನ ಮೇಲೆ ತಾಳ ತಟ್ಟಿ ನೋಡಿದೆ. ಶೀಟಿನ ಮೇಲೆ ಮೊದಲ ಹನಿ ಬೀಳೋವರೆಗೆ 88, ಆಮೇಲೆ 94. ಕಣದಲ್ಲಿ ಏನೂ ಒಣಗಾಕಿರ್ಲಿಲ್ಲ, ಆದ್ರೂ.