ರಾಷ್ಟ್ರಗೀತೆಯ ಹೊತ್ತಿನಲ್ಲಿ ಮೊಣಕಾಲೂರಿದ ಆಟಗಾರ: ಈ ಚರ್ಚೆಯನ್ನು ಶಾಲೆಯಲ್ಲಿ ನಡೆಸುವ ಬಗೆ

ಅಮೆರಿಕದ ಆಟಗಾರ ಕಾಲಿನ್ ಕೇಪರ್ನಿಕ್ ಮೈದಾನದ ಅಂಚಿನಲ್ಲಿ ಒಂದು ಮೊಣಕಾಲನ್ನು ನೆಲಕ್ಕೂರಿ ಕುಳಿತಿರುವ ಚಿತ್ರವನ್ನು ಧಾರವಾಡದ ಒಂದು ಪ್ರೌಢಶಾಲೆಯ ಒಂಬತ್ತನೆಯ ತರಗತಿಯಲ್ಲಿ ನಾನು ಮೊದಲ ಬಾರಿ ತೋರಿಸಿದಾಗ, ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸರ್, ಅಂವಗ ಯಾರು ಶಿಕ್ಷಾ ಕೊಟ್ಟಾರ್ರೀ?” ಎಂದು ಕೇಳಿದ. ಮನೆಗೆಲಸ ಮಾಡದವರನ್ನು ತರಗತಿಯ ಹೊರಗೆ ಮೊಣಕಾಲ ಮೇಲೆ ನಿಲ್ಲಿಸುವುದನ್ನು ಕಂಡಿದ್ದ ಆ ಹುಡುಗನಿಗೆ ಆ ಭಂಗಿಯ ಅರ್ಥ ಅದೊಂದೇ ಆಗಿತ್ತು. ಅವನ ಪ್ರಶ್ನೆಯನ್ನು ನಾನು ದಾಟಿಸಿಬಿಟ್ಟೆ. “ಇದು ಸರಿಯೋ ತಪ್ಪೋ, ಕೈ ಎತ್ತಿರಿ” ಎಂದೆ. ಸರಿ ಎಂದು ಕೈ ಎತ್ತಿದವರು ಮೂವರು. ಮಧ್ಯಾಹ್ನದ ಬಿಡುವಿನ ಹೊತ್ತಿಗೆ ಅವರಲ್ಲೊಬ್ಬನಿಗೆ ದೇಶದ್ರೋಹಿ ಎಂಬ ಹೆಸರು ಬಿದ್ದಿತ್ತು, ಮರುದಿನ ಅವನು ಶಾಲೆಗೆ ಬರಲಿಲ್ಲ. ತಪ್ಪು ಮಕ್ಕಳದ್ದಲ್ಲ, ಪಾಠವನ್ನು ತುದಿಯಿಂದ ಆರಂಭಿಸಿದ ನನ್ನದು. ಆನಂತರ ಹುಬ್ಬಳ್ಳಿ, ಗದಗ, ಹಾವೇರಿಗಳ ಬೇರೆ ಬೇರೆ ತರಗತಿಗಳಲ್ಲಿ ಇದೇ ಚರ್ಚೆಯನ್ನು ನಡೆಸುತ್ತ ಕಂಡುಕೊಂಡ ಕ್ರಮವನ್ನು ಸಮಾಜವಿಜ್ಞಾನದ ಮತ್ತು ದೈಹಿಕ ಶಿಕ್ಷಣದ ಶಿಕ್ಷಕರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಇದಕ್ಕೆ ಎರಡು ದಿನಗಳ ಎರಡು ಅವಧಿಗಳು ಬೇಕು. ಮೊದಲ ದಿನ ಅಭಿಪ್ರಾಯವನ್ನು ಯಾರಿಂದಲೂ ಕೇಳಬಾರದು, ನೀವೂ ಹೇಳಬಾರದು. ಆ ದಿನ ನಡೆಯಬೇಕಾದುದು ಭಂಗಿ, ಘಟನೆ, ಕಾನೂನು ಈ ಮೂರರ ಪರಿಚಯ ಮಾತ್ರ.

ಮೊದಲು ಭಂಗಿ

ಮೊಣಕಾಲೂರುವುದನ್ನು ಎಲ್ಲೆಲ್ಲಿ ಕಂಡಿದ್ದೀರಿ ಎಂದು ಮಕ್ಕಳನ್ನೇ ಕೇಳಿರಿ. ಶಿಕ್ಷೆಯಾಗಿ ಕಂಡಿದ್ದೇವೆ ಎಂಬ ಉತ್ತರ ಮೊದಲು ಬರುತ್ತದೆ. ಆಮೇಲೆ ಗರಡಿಯಲ್ಲಿ ಅಖಾಡಕ್ಕಿಳಿಯುವ ಪೈಲ್ವಾನ ಬಾಗಿ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳುವುದು, ಚರ್ಚಿನಲ್ಲಿ ಪ್ರಾರ್ಥಿಸುವವರು ಮೊಣಕಾಲೂರುವುದು, ಮಸೀದಿಯಲ್ಲಿ ನಮಾಜು ಮಾಡುವವರು ನೆಲಕ್ಕೆ ಬಾಗುವುದು, ಗುಡಿಯ ಮುಂದೆ ಅಜ್ಜಿ ಮೊಣಕಾಲೂರಿ ಹಣೆ ಹಚ್ಚುವುದು ಒಂದೊಂದಾಗಿ ಬರುತ್ತವೆ. ಎಲ್ಲವನ್ನೂ ಕಪ್ಪುಹಲಗೆಯ ಮೇಲೆ ಬರೆಯಿರಿ. ಒಂದೇ ಭಂಗಿ ಒಂದೆಡೆ ಅವಮಾನ, ಇನ್ನೊಂದೆಡೆ ಭಕ್ತಿ ಆಗುತ್ತದೆ ಎಂಬುದನ್ನು ನೀವು ಹೇಳಬೇಕಾಗಿಯೇ ಬರುವುದಿಲ್ಲ. ಆ ಪಟ್ಟಿಯನ್ನು ನೋಡಿ ಮಕ್ಕಳೇ ಹೇಳುತ್ತಾರೆ. ಆಗ ಹಲಗೆಯ ಕೆಳಗೆ ಮೂರು ಪ್ರಶ್ನೆಗಳನ್ನು ಬರೆದು ಎರಡು ದಿನವೂ ಅಳಿಸದೆ ಉಳಿಸಿರಿ: ಯಾವ ಹೊತ್ತಿನಲ್ಲಿ? ಯಾರ ಎದುರು? ಏನನ್ನು ಹೇಳಲು?

ಆಮೇಲೆ ಘಟನೆ, ತಾರೀಖಿನ ಕ್ರಮದಲ್ಲಿ

ಕೇಪರ್ನಿಕ್ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಆಗಿದ್ದರು, ಅಂದರೆ ಅಮೆರಿಕನ್ ಫುಟ್‌ಬಾಲ್‌ನಲ್ಲಿ ತಂಡದ ದಾಳಿಯನ್ನು ಮುನ್ನಡೆಸುವ ಆಟಗಾರ. ಕಪ್ಪು ಜನರ ಮೇಲಿನ ದಬ್ಬಾಳಿಕೆಯನ್ನೂ ಪೊಲೀಸರ ಹಿಂಸೆಯನ್ನೂ ವಿರೋಧಿಸಿ ಅವರು 2016ರ ಆಗಸ್ಟ್‌ನಲ್ಲಿ ರಾಷ್ಟ್ರಗೀತೆಯ ವೇಳೆ ಏಳದೆ ಬೆಂಚಿನ ಮೇಲೆ ಕುಳಿತರು. ಇಲ್ಲಿ ಮಕ್ಕಳನ್ನು ಒಂದು ಕ್ಷಣ ತಡೆಯಿರಿ, ಏಕೆಂದರೆ ಅವರು ಮೊದಲು ಮಾಡಿದ್ದು ಮೊಣಕಾಲೂರುವುದಲ್ಲ, ಕುಳಿತುಕೊಳ್ಳುವುದು ಎಂಬುದು ಈ ಕಥೆಯ ಕೀಲು. ಅಮೆರಿಕದ ಸೇನೆಯ ವಿಶೇಷ ಪಡೆಯಲ್ಲಿ ಸೇವೆ ಸಲ್ಲಿಸಿ ಆಮೇಲೆ ಫುಟ್‌ಬಾಲ್‌ಗೂ ಬಂದಿದ್ದ ನೇಟ್ ಬೋಯರ್ ಅದನ್ನು ಕಂಡು ನೊಂದುಕೊಂಡು, ಬೈಯುವ ಬದಲು ಬಹಿರಂಗ ಪತ್ರವೊಂದನ್ನು ಬರೆದರು. ಇಬ್ಬರೂ ಭೇಟಿಯಾದರು. ಮಡಿದ ಜೊತೆಗಾರನ ಸಮಾಧಿಯ ಎದುರು ಸೈನಿಕರು ಮೊಣಕಾಲೂರುತ್ತಾರೆ, ಕುಳಿತುಕೊಳ್ಳುವುದಕ್ಕಿಂತ ಅದರಲ್ಲಿ ಗೌರವವಿದೆ ಎಂದು ಬೋಯರ್ ಸಲಹೆ ಕೊಟ್ಟರು. 2016ರ ಸೆಪ್ಟೆಂಬರ್ 1ರಂದು ಸ್ಯಾನ್ ಡಿಯಾಗೊದ ಪಂದ್ಯದಲ್ಲಿ ಕೇಪರ್ನಿಕ್ ಮತ್ತು ಅವರ ತಂಡದ ಎರಿಕ್ ರೀಡ್ ಮೊಣಕಾಲೂರಿದರು. ಬೋಯರ್ ಅವರ ಪಕ್ಕದಲ್ಲೇ ನಿಂತು, ಎದೆಯ ಮೇಲೆ ಕೈಯಿಟ್ಟುಕೊಂಡು ರಾಷ್ಟ್ರಗೀತೆಗೆ ಗೌರವ ಸಲ್ಲಿಸಿದರು. ಒಪ್ಪದ ಇಬ್ಬರು ಕೂತು ಮಾತಾಡಿ ಒಂದು ನಡುದಾರಿಯನ್ನು ಕಂಡುಕೊಂಡ ಈ ಭಾಗವನ್ನು ಅವಸರದಲ್ಲಿ ಮುಗಿಸಬೇಡಿರಿ. ನನ್ನ ಅನುಭವದಲ್ಲಿ ಮಕ್ಕಳು ಬಹಳ ದಿನ ನೆನಪಿಟ್ಟುಕೊಳ್ಳುವುದು ಇದನ್ನೇ.

ಪರಿಣಾಮಗಳನ್ನೂ ಮುಚ್ಚಿಡದೆ ಹೇಳಿರಿ. ಆ ಋತುವಿನ ನಂತರ ಕೇಪರ್ನಿಕ್ ಅವರನ್ನು ಯಾವ ತಂಡವೂ ಆಡಿಸಲಿಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಟ್ರಂಪ್ ಇಂಥ ಆಟಗಾರರನ್ನು ತಂಡದಿಂದ ಹೊರಹಾಕಬೇಕೆಂದು ಸಭೆಯೊಂದರಲ್ಲಿ ಹೇಳಿದ ಮೇಲೆ, ಅದೇ ವಾರಾಂತ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಆಟಗಾರರು ಕುಳಿತರು ಅಥವಾ ಮೊಣಕಾಲೂರಿದರು. ಮೈದಾನದಲ್ಲಿರುವವರು ನಿಲ್ಲಲೇಬೇಕು, ಬೇಡವೆನ್ನುವವರು ಒಳಗಿನ ಕೋಣೆಯಲ್ಲಿರಲಿ ಎಂದು 2018ರ ಮೇನಲ್ಲಿ ಈ ತಂಡಗಳ ಪಂದ್ಯಗಳನ್ನು ನಡೆಸುವ ನ್ಯಾಷನಲ್ ಫುಟ್‌ಬಾಲ್ ಲೀಗ್ ನಿಯಮ ಮಾಡಿತು; ಎರಡೇ ತಿಂಗಳಲ್ಲಿ ಅದನ್ನು ತಡೆಹಿಡಿಯಿತು. 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಅವರ ಕತ್ತಿನ ಮೇಲೆ ಪೊಲೀಸ್ ಅಧಿಕಾರಿಯೊಬ್ಬ ಮೊಣಕಾಲೂರಿ ಅವರನ್ನು ಕೊಂದ ಬಳಿಕ, ಆಟಗಾರರ ಮಾತನ್ನು ಮೊದಲೇ ಕೇಳದಿದ್ದುದು ತಪ್ಪಾಯಿತೆಂದು ಲೀಗ್‌ನ ಆಯುಕ್ತರು ಒಪ್ಪಿಕೊಂಡರು. ಹಲಗೆಯ ಮೇಲಿನ ಪಟ್ಟಿಗೆ ಈಗ ಮೊಣಕಾಲಿನ ಇನ್ನೊಂದು ಅರ್ಥ ಸೇರುತ್ತದೆ. ಅದನ್ನು ಬರೆಯುವಾಗ ತರಗತಿ ತಾನಾಗಿಯೇ ಮೌನವಾಗುತ್ತದೆ, ಆಗಲು ಬಿಡಿರಿ.

ಕ್ರಿಕೆಟ್ ನೋಡುವ ಹುಡುಗರು “ನಮ್ಮವರೂ ಮಾಡಿದ್ರಲ್ಲ ಸರ್” ಎನ್ನುತ್ತಾರೆ. ಅದು ನಿಜ, ಆದರೆ ಹಲಗೆಯ ಮೊದಲ ಪ್ರಶ್ನೆಯನ್ನು ಅವರಿಗೆ ತೋರಿಸಿರಿ. 2021ರ ಅಕ್ಟೋಬರ್ 24ರಂದು ದುಬೈನಲ್ಲಿ ಪಾಕಿಸ್ತಾನದ ಎದುರಿನ ಟಿ20 ವಿಶ್ವಕಪ್ ಪಂದ್ಯದಲ್ಲಿ ಭಾರತದ ಆಟಗಾರರು ಮೊಣಕಾಲೂರಿದ್ದು ರಾಷ್ಟ್ರಗೀತೆ ಮುಗಿದ ಮೇಲೆ, ಮೊದಲ ಎಸೆತಕ್ಕೆ ಮುನ್ನ. ಎರಡು ದಿನಗಳ ನಂತರ ದಕ್ಷಿಣ ಆಫ್ರಿಕದ ಕ್ರಿಕೆಟ್ ಮಂಡಳಿ ತನ್ನ ಆಟಗಾರರೆಲ್ಲರೂ ಮೊಣಕಾಲೂರಲೇಬೇಕೆಂದು ಆದೇಶಿಸಿದಾಗ ಕ್ವಿಂಟನ್ ಡಿ ಕಾಕ್ ಆ ಪಂದ್ಯದಿಂದಲೇ ಹಿಂದೆ ಸರಿದರು. ಆಮೇಲೆ ಕ್ಷಮೆ ಕೋರಿ ಮುಂದಿನ ಪಂದ್ಯದಲ್ಲಿ ಮೊಣಕಾಲೂರಿದರು. ಒಂದೆಡೆ ನಿಲ್ಲಲೇಬೇಕೆಂಬ ಒತ್ತಾಯ, ಇನ್ನೊಂದೆಡೆ ಮೊಣಕಾಲೂರಲೇಬೇಕೆಂಬ ಒತ್ತಾಯ. ಈ ಎರಡನ್ನೂ ಅಕ್ಕಪಕ್ಕ ಇಟ್ಟರೆ, ಒತ್ತಾಯದಿಂದ ಬಂದ ಗೌರವ ಎಷ್ಟರ ಮಟ್ಟಿಗೆ ಗೌರವ ಎಂಬ ಪ್ರಶ್ನೆಯನ್ನು ಎರಡೂ ಪಕ್ಷದವರು ಎದುರಿಸಲೇಬೇಕಾಗುತ್ತದೆ.

ಕಾನೂನನ್ನು ಇದ್ದಷ್ಟೇ ಹೇಳಿರಿ

ಈ ಭಾಗದಲ್ಲಿ ಶಿಕ್ಷಕರು ಹೆಚ್ಚಾಗಿ ಎಡವುತ್ತಾರೆ. ನಮ್ಮ ರಾಷ್ಟ್ರಗೀತೆಯನ್ನು ಸಂವಿಧಾನ ಸಭೆ 1950ರ ಜನವರಿ 24ರಂದು ಅಂಗೀಕರಿಸಿತು. ಪೂರ್ಣ ಪಾಠದ ಅವಧಿ ಸುಮಾರು 52 ಸೆಕೆಂಡು. ಅದನ್ನು ನುಡಿಸುವಾಗ ಸಭಿಕರು ಸಾವಧಾನದಲ್ಲಿ ನಿಲ್ಲಬೇಕೆಂದು ಕೇಂದ್ರ ಗೃಹ ಸಚಿವಾಲಯದ ಸೂಚನೆಗಳು ಹೇಳುತ್ತವೆ. ರಾಷ್ಟ್ರಗೀತೆಯನ್ನು ಗೌರವಿಸುವುದು ಸಂವಿಧಾನದ 51ಎ ವಿಧಿಯಂತೆ ನಾಗರಿಕರ ಮೂಲಭೂತ ಕರ್ತವ್ಯ. 1971ರ ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆ ಕಾಯ್ದೆಯ 3ನೆಯ ಕಲಮು ಉದ್ದೇಶಪೂರ್ವಕವಾಗಿ ರಾಷ್ಟ್ರಗೀತೆ ಹಾಡುವುದನ್ನು ತಡೆಯುವವರಿಗೆ ಅಥವಾ ಹಾಡುತ್ತಿರುವ ಸಭೆಗೆ ಅಡ್ಡಿಪಡಿಸುವವರಿಗೆ ಮೂರು ವರ್ಷಗಳವರೆಗಿನ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಸೂಚನೆ, ಕರ್ತವ್ಯ, ಅಪರಾಧ ಇವು ಮೂರು ಬೇರೆ ಬೇರೆ ಎಂಬುದನ್ನು ಹತ್ತನೆಯ ತರಗತಿಯ ಮಕ್ಕಳು ಚೆನ್ನಾಗಿ ಗ್ರಹಿಸುತ್ತಾರೆ.

ಬಿಜೋ ಇಮ್ಯಾನ್ಯುಯಲ್ ಪ್ರಕರಣವನ್ನು ತಪ್ಪದೆ ಹೇಳಿರಿ. ಯೆಹೋವನ ಸಾಕ್ಷಿಗಳು ಎಂಬ ಪಂಥಕ್ಕೆ ಸೇರಿದ ಕೇರಳದ ಮೂವರು ಒಡಹುಟ್ಟಿದ ಮಕ್ಕಳು ಶಾಲೆಯ ಪ್ರಾರ್ಥನೆಯಲ್ಲಿ ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ತಮ್ಮ ನಂಬಿಕೆಯ ಕಾರಣದಿಂದ ಹಾಡುತ್ತಿರಲಿಲ್ಲ. 1985ರಲ್ಲಿ ಅವರನ್ನು ಶಾಲೆಯಿಂದ ಹೊರಹಾಕಲಾಯಿತು. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್, ಅವರ ವಾಕ್ ಸ್ವಾತಂತ್ರ್ಯಕ್ಕೂ ಧಾರ್ಮಿಕ ಸ್ವಾತಂತ್ರ್ಯಕ್ಕೂ ಧಕ್ಕೆಯಾಗಿದೆ ಎಂದು ಹೇಳಿ, ಮಕ್ಕಳನ್ನು ಮತ್ತೆ ಶಾಲೆಗೆ ಸೇರಿಸಿಕೊಳ್ಳಲು ಆದೇಶಿಸಿತು. ಇಲ್ಲಿ ಎಚ್ಚರ ಬೇಕು: ಆ ಮಕ್ಕಳು ನಿಂತಿದ್ದರು. ಹಾಡದಿರುವುದು ಅಗೌರವವಲ್ಲ ಎಂಬುದಕ್ಕೆ ಆ ತೀರ್ಪು ಆಧಾರ. ಮೊಣಕಾಲೂರುವುದಕ್ಕೆ ಅನುಮತಿ ಎಂದು ಅದನ್ನು ಎಳೆದು ಹಿಗ್ಗಿಸಬಾರದು.

ಅಮೆರಿಕದಲ್ಲಿ ಧ್ವಜವಂದನೆಗೆ ಶಾಲಾಮಕ್ಕಳನ್ನು ಒತ್ತಾಯಿಸುವಂತಿಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟ್ 1943ರಲ್ಲೇ ತೀರ್ಪಿತ್ತಿದೆ. ಆದರೆ ಆ ರಕ್ಷಣೆ ಸರ್ಕಾರದ ಎದುರಿನದು. ತಂಡದ ಮಾಲೀಕ ಸರ್ಕಾರವಲ್ಲ. ಮಕ್ಕಳು ಹೆಚ್ಚು ಹೊತ್ತು ತಲೆ ಕೆಡಿಸಿಕೊಳ್ಳುವುದು ಈ ವ್ಯತ್ಯಾಸದ ಮೇಲೆ.

ಎರಡನೆಯ ದಿನ

ಚೀಟಿ ಎತ್ತಿಸಿ ಪಕ್ಷ ಹಂಚಿರಿ. ತನಗೆ ಒಪ್ಪಿಗೆಯಿಲ್ಲದ ಪಕ್ಷ ಸಿಕ್ಕವನೂ ಅದನ್ನೇ ವಾದಿಸಬೇಕು, ಹೀಗಾಗಿ ಹೊರಗೆ ಹೋದ ಮೇಲೆ ಯಾರ ಮಾತನ್ನೂ ಯಾರ ಮೇಲೂ ಹೊರಿಸಲಾಗುವುದಿಲ್ಲ. ನನ್ನ ತರಗತಿಯ ಆ ಹುಡುಗನನ್ನು ಈ ಒಂದು ಚೀಟಿ ಕಾಪಾಡುತ್ತಿತ್ತು. ಎರಡನೆಯ ನಿಯಮವೂ ಅಷ್ಟೇ ಮುಖ್ಯ: ಉತ್ತರಿಸುವ ಮೊದಲು ಎದುರಿನವರ ವಾದವನ್ನು ತನ್ನ ಮಾತಿನಲ್ಲಿ ಹೇಳಬೇಕು, ಎದುರಿನವರು “ಹೌದು, ನಾನು ಹೇಳಿದ್ದು ಇದನ್ನೇ” ಎಂದು ಒಪ್ಪಿದ ಮೇಲೆಯೇ ಮುಂದುವರಿಯಬೇಕು.

ನಿಲ್ಲಬೇಕೆನ್ನುವ ಪಕ್ಷವನ್ನು ಹಳೆಯ ಕಾಲದ ಮಾತೆಂದು ಬದಿಗಿರಿಸಬೇಡಿರಿ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನ ಹಿಮಪಾತದಲ್ಲಿ ಸಿಲುಕಿ, ಆರು ದಿನಗಳ ನಂತರ ಜೀವಂತವಾಗಿ ಸಿಕ್ಕು, ದೆಹಲಿಯಲ್ಲಿ ಪ್ರಾಣಬಿಟ್ಟ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಕುಂದಗೋಳ ತಾಲ್ಲೂಕಿನ ಬೆಟದೂರಿನವರು. ರಾಷ್ಟ್ರಧ್ವಜ ಸಿದ್ಧವಾಗುವ ಖಾದಿ ಕೇಂದ್ರ ಹುಬ್ಬಳ್ಳಿಯ ಬೆಂಗೇರಿಯಲ್ಲಿದೆ. ಸೈನಿಕನ ಮನೆಯಿಂದ ಬಂದ ಹುಡುಗಿಗೆ ಆ 52 ಸೆಕೆಂಡುಗಳು ಯಾವ ನೆನಪನ್ನು ತರುತ್ತವೆ ಎಂಬುದನ್ನು ತರಗತಿ ಪೂರ್ತಿ ಕೇಳಬೇಕು. ಬೋಯರ್ ಕೂಡ ಸೈನಿಕನೇ ಎಂಬುದನ್ನು ಅವಳಿಗೂ ನೆನಪಿಸಬೇಕು. ಆದರೆ ಯಾವ ಮಗುವನ್ನೂ ಅದರ ಜಾತಿ, ಧರ್ಮ, ಮನೆತನದ ಪ್ರತಿನಿಧಿಯಾಗಿ ಎಬ್ಬಿಸಿ “ನಿಮ್ಮವರು ಏನಂತೀರಿ” ಎಂದು ಕೇಳಕೂಡದು. ಧ್ವಜಾರೋಹಣದ ವಿವಾದದಲ್ಲಿ 1994ರ ಆಗಸ್ಟ್ 15ರಂದು ಗೋಲಿಬಾರ್ ಆಗಿ ಜನ ಸತ್ತ ಊರು ಹುಬ್ಬಳ್ಳಿ. ಆ ದಿನವನ್ನು ಕಂಡ ಅಜ್ಜ, ಅಪ್ಪ ಇರುವ ಮನೆಗಳ ಮಕ್ಕಳು ನಿಮ್ಮೆದುರು ಕುಳಿತಿರುತ್ತಾರೆ.

ನಿಮ್ಮ ಮೈದಾನದಲ್ಲೇ ಹೀಗಾದರೆ

ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ ಕಬಡ್ಡಿ ತಂಡದ ಹುಡುಗನೊಬ್ಬ ರಾಷ್ಟ್ರಗೀತೆಗೆ ನಿಲ್ಲದೇ ಹೋದನೆನ್ನಿ. ಹಾಡನ್ನು ನಡುವೆ ನಿಲ್ಲಿಸಬೇಡಿರಿ, ಸಾಲು ಬಿಟ್ಟು ಓಡಿ ಅವನ ರಟ್ಟೆ ಹಿಡಿಯಬೇಡಿರಿ. ಗೀತೆ ಮುಗಿಯುವವರೆಗೆ ನೀವು ಸಾವಧಾನದಲ್ಲೇ ಇರಿ. ಮೊಬೈಲ್‌ನಲ್ಲಿ ಚಿತ್ರ ತೆಗೆದವರಿದ್ದರೆ ಅದನ್ನು ಯಾವ ಗುಂಪಿಗೂ ಕಳಿಸದಂತೆ ಆಗಲೇ ಹೇಳಿರಿ, ಯಾಕೆಂದರೆ ಸಂಜೆಯೊಳಗೆ ಅದು ಆ ಮಗುವಿನ ಊರು ತಲುಪಿರುತ್ತದೆ. ಆಮೇಲೆ ಮುಖ್ಯೋಪಾಧ್ಯಾಯರ ಎದುರು ಅವನನ್ನು ಕೂರಿಸಿಕೊಂಡು ಹಲಗೆಯ ಮೂರನೆಯ ಪ್ರಶ್ನೆಯನ್ನೇ ಕೇಳಿರಿ. ಕಾಲು ಉಳುಕಿರಬಹುದು, ನಂಬಿಕೆಯ ಕಾರಣವಿರಬಹುದು, ತಂಡದ ಆಯ್ಕೆಯಲ್ಲಿ ಅನ್ಯಾಯವಾಗಿದೆ ಎಂಬ ಸಿಟ್ಟಿರಬಹುದು. ಸಿಟ್ಟಾದರೆ ಆಯ್ಕೆಯ ದೂರನ್ನು ಬರೆಸಿಕೊಂಡು ವಿಚಾರಿಸಿರಿ. ಜೊತೆಗೆ ನಿಲ್ಲಬೇಕೆಂಬ ಸೂಚನೆ ಇರುವುದನ್ನೂ, ಸಭೆಗೆ ಅಡ್ಡಿಪಡಿಸಿದರೆ ಕಾನೂನು ಏನೆನ್ನುತ್ತದೆ ಎಂಬುದನ್ನೂ ಅವನಿಗೆ ಮರೆಮಾಚದೆ ತಿಳಿಸಿರಿ. ಏನೂ ಆಗುವುದಿಲ್ಲವೆಂಬ ಸುಳ್ಳು ಭರವಸೆ ಬೇಡ, ಜೈಲಿನ ಹೆದರಿಕೆಯೂ ಬೇಡ.

ಚರ್ಚೆಯ ಮರುದಿನ ಪ್ರತಿಯೊಬ್ಬರಿಂದಲೂ ಅರ್ಧ ಪುಟ ಬರೆಸಿಕೊಳ್ಳಿರಿ: ಎದುರು ಪಕ್ಷದ ಯಾವ ಮಾತಿಗೆ ತನ್ನ ಬಳಿ ಉತ್ತರವಿರಲಿಲ್ಲ ಎಂಬುದಷ್ಟನ್ನೇ. ಅಂಕ ಕೊಡಬೇಡಿರಿ, ಸೂಚನಾ ಫಲಕಕ್ಕೆ ಅಂಟಿಸಬೇಡಿರಿ, ನೀವೊಬ್ಬರೇ ಓದಿ ಅವರವರ ಕೈಗೆ ಮರಳಿಸಿರಿ.